ಗೇಫೀಲ್ಡಿನ ಶನಿವಾರಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಶನಿವಾರ ಮಧ್ಯಾಹ್ನ ಎರಡು ಗಂಟೆ ದಾಟಿತೆಂದರೆ ನಮ್ಮ ಬೀದಿಯ ಬಾಗಿಲುಗಳು ಒಂದೊಂದಾಗಿ ತೆರೆಯುತ್ತವೆ. ಮರೂನ್ ಬಣ್ಣದ ಮಫ್ಲರ್ ಸುತ್ತಿಕೊಂಡವರು ಹೊರಗೆ ಬರುತ್ತಾರೆ. ಅಜ್ಜಂದಿರು, ಶಾಲೆ ಮಕ್ಕಳು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪಂದಿರು. ಎಲ್ಲರೂ ಸಮುದ್ರದ ಕಡೆಗೇ ನಡೆಯುತ್ತಾರೆ. ಅವರ ಜೊತೆ ನಾನು, ನನ್ನ ಮಗ.

ನಾನಿರುವುದು ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಆರ್ಬ್ರೋತ್ ಎಂಬ ಊರಿನಲ್ಲಿ. 23 ಸಾವಿರದಷ್ಟು ಜನ ಇರುವ ಮೀನುಗಾರರ ಊರು. ನನ್ನ ಹುಟ್ಟೂರು ಹೊನ್ನಾವರ. ನರ್ಸ್ ಕೆಲಸ ಸಿಕ್ಕಿ 2021ರಲ್ಲಿ ಇಲ್ಲಿಗೆ ಬಂದೆ. ಬರುವಾಗ ಫುಟ್‌ಬಾಲ್ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಈಗ ಆರ್ಬ್ರೋತ್ ಫುಟ್‌ಬಾಲ್ ಕ್ಲಬ್ ಇಲ್ಲದ ಶನಿವಾರವೇ ನನಗೆ ಬೇಡ. ಇದು 2025ರ ಆಗಸ್ಟ್, ಹೊಸ ಸೀಸನ್ ಶುರುವಾಗಿದೆ. ಅದೇ ಖುಷಿಯಲ್ಲಿ ಈ ಕ್ಲಬ್ಬಿನ ಕಥೆ ಹೇಳೋಣ ಅನ್ನಿಸಿತು.

ನನ್ನನ್ನು ಮೊದಲು ಕರೆದುಕೊಂಡು ಹೋದವರು ಪಕ್ಕದ ಮನೆಯವರು. ಅರವತ್ತು ದಾಟಿದ ಹೆಂಗಸು. ಪಂದ್ಯದ ದಿನ ಗೇಟಿನ ಹತ್ತಿರ ನಿಂತು ಲಾಟರಿ ಚೀಟಿ ಮಾರುತ್ತಾರೆ. ಬಂದ ದುಡ್ಡಿನಲ್ಲಿ ಅರ್ಧ ಗೆದ್ದವರಿಗೆ, ಅರ್ಧ ಕ್ಲಬ್ಬಿಗೆ. ಆ ವರ್ಷ ಅಕ್ಟೋಬರಿನ ಒಂದು ಶನಿವಾರ ನಾನೂ ಮಗನೂ ಸುಮ್ನೆ ಕಿಟಕಿ ಹತ್ತಿರ ಕೂತಿದ್ದೆವು. ಅವರು ಬಾಗಿಲು ತಟ್ಟಿ, "ಆ ಹುಡುಗನಿಗೆ ದಪ್ಪ ಕೋಟು ಹಾಕು, ನೀನೂ ಹಾಕ್ಕೋ, ಬಾ" ಅಂದರು. ಎಲ್ಲಿಗೆ ಅಂತ ಹೇಳಲೂ ಇಲ್ಲ.

ದಪ್ಪ ಕೋಟು ಯಾಕೆ ಅಂತ ಮೈದಾನ ಸೇರಿದ ಮೇಲೆ ತಿಳಿಯಿತು. ನಮ್ಮ ಮೈದಾನದ ಹೆಸರು ಗೇಫೀಲ್ಡ್. ಯುರೋಪಿನಲ್ಲಿ ಸಮುದ್ರಕ್ಕೆ ಇಷ್ಟು ಹತ್ತಿರ ಇರುವ ಫುಟ್‌ಬಾಲ್ ಮೈದಾನ ಬೇರೆ ಇಲ್ಲ ಅನ್ನುತ್ತಾರೆ. ಉಬ್ಬರದ ಹೊತ್ತಿನಲ್ಲಿ ಗೋಡೆಗೂ ನೀರಿಗೂ ಕೆಲವೇ ಗಜ ದೂರ. ಚಳಿಗಾಲದ ಬಿರುಗಾಳಿಗೆ ಅಲೆ ಗೋಡೆ ಹಾರಿ ಒಳಗೆ ಬೀಳುವುದೂ ಉಂಟು. ನಾನು ಹುಟ್ಟಿ ಬೆಳೆದದ್ದೇ ಸಮುದ್ರದ ಪಕ್ಕ, ಆಷಾಢದ ಗಾಳಿ ಕಂಡವಳು. ಆದರೂ ಉತ್ತರ ಸಮುದ್ರದ ಈ ಗಾಳಿ ಬೇರೆಯೇ. ಮೂಳೆಯ ಒಳಗೇ ಹೋಗಿ ಕೂರುತ್ತದೆ. ಗೋಲ್‌ಕೀಪರ್ ಜೋರಾಗಿ ಒದ್ದ ಚೆಂಡು ಮೇಲೆ ಹೋಗಿ, ಅಲ್ಲೇ ನಿಂತು, ಮತ್ತೆ ಅವನ ಕಡೆಗೇ ತಿರುಗಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹಾಗಾಗಿ ಇಲ್ಲಿ ಟಾಸ್ ಆದ ಕೂಡಲೇ ಎಲ್ಲರ ಬಾಯಲ್ಲೂ ಒಂದೇ ಮಾತು: ಮೊದಲರ್ಧ ಗಾಳಿ ನಮ್ಮ ಬೆನ್ನಿಗಾ, ಎದುರಿಗಾ?

ಹಾಫ್ ಟೈಮಿನಲ್ಲಿ ಇನ್ನೊಂದು ಅಚ್ಚರಿ. ದೊಡ್ಡ ಕ್ಲಬ್ಬುಗಳಲ್ಲಿ ಟಿಕೆಟಿನ ಮೇಲೆ ಸೀಟ್ ನಂಬರ್ ಇರುತ್ತದೆ, ಅಲ್ಲೇ ಕೂರಬೇಕು. ಇಲ್ಲಿ ಮೂರು ಕಡೆ ನಿಂತು ನೋಡುವ ಮೆಟ್ಟಿಲು. ಮೊದಲರ್ಧ ಮುಗಿದ ಕೂಡಲೇ ಗೋಲಿನ ಹಿಂದೆ ನಿಂತಿದ್ದವರೆಲ್ಲ ಸಾಲಾಗಿ ಎದುರು ತುದಿಗೆ ನಡೆದು ಹೋಗುತ್ತಾರೆ. ನಮ್ಮವರು ಯಾವ ಗೋಲಿಗೆ ಹೊಡೆಯಬೇಕೋ ಅದರ ಹಿಂದೆಯೇ ನಾವಿರಬೇಕು ಅಂತ. ದಾರಿಯಲ್ಲಿ ಮಟನ್ ಪೈ ತಗೊಳ್ಳುತ್ತಾರೆ, ಬೋವ್ರಿಲ್ ಎಂಬ ದನದ ಮಾಂಸದ ಸಾರು ಬಿಸಿಬಿಸಿ ಕುಡಿಯುತ್ತಾರೆ, ಯಾರ ಮೊಣಕಾಲು ಆಪರೇಷನ್ ಹೇಗಾಯಿತು ಅಂತ ವಿಚಾರಿಸುತ್ತಾರೆ. ಆ ಹತ್ತು ನಿಮಿಷದ ನಡಿಗೆಯಲ್ಲೇ ನನಗೆ ಈ ಊರಿನ ಮುಕ್ಕಾಲು ಜನ ಪರಿಚಯವಾದದ್ದು.

ಕ್ಲಬ್ ಹುಟ್ಟಿದ್ದು 1878ರಲ್ಲಿ. ಅಭಿಮಾನಿಗಳು ತಂಡವನ್ನು 'ರೆಡ್ ಲಿಕ್ಟೀಸ್' ಅಂತ ಕರೆಯುತ್ತಾರೆ. ಲಿಕ್ಟ್ ಅಂದರೆ ಇಲ್ಲಿಯ ಆಡುಮಾತಿನಲ್ಲಿ ದೀಪ. ಹಿಂದೆ ಕತ್ತಲಲ್ಲಿ ದಡಕ್ಕೆ ಬರುವ ದೋಣಿಗಳಿಗೆ ದಾರಿ ತೋರಿಸುತ್ತಿದ್ದ ಕೆಂಪು ದೀಪದಿಂದ ಬಂದ ಹೆಸರು ಅದು.

1885ರ ಸೆಪ್ಟೆಂಬರ್ 12ರಂದು ಈ ಊರಿನಲ್ಲಿ ಒಂದು ಪಂದ್ಯ ನಡೆಯಿತು. ಸ್ಕಾಟಿಷ್ ಕಪ್ಪಿನ ಮೊದಲ ಸುತ್ತು. ಎದುರಾಳಿ ಅಬರ್ಡೀನಿನಿಂದ ಬಂದ ಬಾನ್ ಅಕಾರ್ಡ್. ಆರ್ಬ್ರೋತ್ ಗೆದ್ದದ್ದು 36-0ರಿಂದ! ಜಾಕಿ ಪೆಟ್ರಿ ಎಂಬ 18 ವರ್ಷದ ಹುಡುಗ ಒಬ್ಬನೇ 13 ಗೋಲು ಹೊಡೆದ. ಆಗ ಗೋಲಿಗೆ ಬಲೆ ಕಟ್ಟುವ ಪದ್ಧತಿಯೇ ಇರಲಿಲ್ಲ. ಪ್ರತಿ ಸಲವೂ ಯಾರಾದರೂ ಓಡಿ ಚೆಂಡು ತರಬೇಕು. ಆ ಹೊತ್ತೂ ಉಳಿದಿದ್ದರೆ ಎಷ್ಟಾಗುತ್ತಿತ್ತೋ! ನಮ್ಮ ಗೋಲ್‌ಕೀಪರಿಗೆ ಕೆಲಸವೇ ಇಲ್ಲದೆ, ಮಳೆಗೆ ಯಾರದೋ ಕೊಡೆ ಇಸಿದುಕೊಂಡು ನಿಂತಿದ್ದನಂತೆ. ಅದೇ ದಿನ, ಹತ್ತಿರದ ಡಂಡೀ ಊರಿನ ಡಂಡೀ ಹಾರ್ಪ್ ತಂಡ ಇನ್ನೊಂದು ಪಂದ್ಯವನ್ನು 35-0ರಿಂದ ಗೆದ್ದಿತ್ತು. ದಾಖಲೆ ತಮ್ಮದೇ ಅಂತ ಅವರು ಬೀಗುವ ಹೊತ್ತಿಗೆ ಆರ್ಬ್ರೋತಿನ ಸುದ್ದಿ ಬಂತು. ನನ್ನ ಮಗನಿಗೆ ಈ ಕಥೆ ಎಷ್ಟು ಸಲ ಹೇಳಿದರೂ ಸಾಲದು. ಆದರೆ ಬಾನ್ ಅಕಾರ್ಡಿನ ಆ ಹುಡುಗರ ಬಗ್ಗೆ ನನಗೆ ಯಾವಾಗಲೂ ಕನಿಕರ. ಮಳೆಯಲ್ಲಿ ನೆಂದು, 36 ಗೋಲು ತಿಂದರೂ ಅವರು ಪಂದ್ಯ ಬಿಟ್ಟು ಹೋಗಲಿಲ್ಲ ನೋಡಿ.

ಈಗ ಲೀಗಿನ ವಿಷಯ. ಸ್ಕಾಟ್ಲೆಂಡಿನ ಲೀಗಿನಲ್ಲಿ ಒಟ್ಟು 42 ಕ್ಲಬ್ಬು, ನಾಲ್ಕು ಮೆಟ್ಟಿಲು. ಎಲ್ಲಕ್ಕಿಂತ ಮೇಲೆ ಪ್ರೀಮಿಯರ್‌ಶಿಪ್, ಅಲ್ಲಿ 12 ತಂಡ. ಅದರ ಕೆಳಗೆ ಚಾಂಪಿಯನ್‌ಶಿಪ್, ಲೀಗ್ ಒನ್, ಲೀಗ್ ಟೂ. ಒಂದೊಂದರಲ್ಲೂ ಹತ್ತು ಹತ್ತು ತಂಡ. ಈ ಮೂರರಲ್ಲೂ ಪ್ರತಿ ತಂಡ ಉಳಿದ ಒಂಬತ್ತು ತಂಡಗಳ ಜೊತೆ ನಾಲ್ಕು ನಾಲ್ಕು ಸಲ ಆಡಬೇಕು. ಲೆಕ್ಕ ಹಾಕಿದರೆ 36 ಪಂದ್ಯ. ಚಾಂಪಿಯನ್‌ಶಿಪ್, ಲೀಗ್ ಒನ್ ಎರಡರಲ್ಲೂ ಕಡೆಯ ಸ್ಥಾನಕ್ಕೆ ಬಂದರೆ ನೇರ ಒಂದು ಮೆಟ್ಟಿಲು ಕೆಳಗೆ. ಕಡೆಯಿಂದ ಎರಡನೆಯವರು ಪ್ಲೇಆಫ್, ಅಂದರೆ ಉಳಿಯಲು ಇಲ್ಲವೇ ಮೇಲೇರಲು ಆಡುವ ಹೆಚ್ಚುವರಿ ಪಂದ್ಯಗಳನ್ನು ಗೆದ್ದರೆ ಮಾತ್ರ ಉಳಿಯುತ್ತಾರೆ. ಲೀಗ್ ಟೂನಲ್ಲಿ ಕಡೆಯ ತಂಡಕ್ಕೆ ಅಂಥದೇ ಪ್ಲೇಆಫ್, ಸೋತರೆ 42ರಿಂದಲೇ ಹೊರಗೆ.

ನಮ್ಮದು ಪಾರ್ಟ್‌ಟೈಮ್ ಕ್ಲಬ್. ಅಂದರೆ ಆಟಗಾರರಿಗೆ ಬೇರೆ ಉದ್ಯೋಗ ಇರುತ್ತದೆ. ಹಗಲು ಕೆಲಸ, ವಾರದಲ್ಲಿ ಎರಡು ಸಂಜೆ ಅಭ್ಯಾಸ, ಶನಿವಾರ ಪಂದ್ಯ. ಬಾಬಿ ಲಿನ್ ಅಂತ ಒಬ್ಬ ಆಟಗಾರ ಇದ್ದರು, ಇಲ್ಲಿಯ ಜನಕ್ಕೆ ಪ್ರಾಣ. ಅವರ ಉದ್ಯೋಗ ಮನೆಮನೆಯ ಕಸ ಸಾಗಿಸುವುದು. ಶನಿವಾರ ಅವರು ಎಡಬದಿಯಲ್ಲಿ ಚೆಂಡು ಹಿಡಿದರೆ ಮೈದಾನವೇ ಎದ್ದು ನಿಲ್ಲುತ್ತಿತ್ತು. ಸೋಮವಾರ ಬೆಳಿಗ್ಗೆ ಅವರು ಮತ್ತೆ ಕೆಲಸಕ್ಕೆ. ನೈಟ್ ಡ್ಯೂಟಿ ಮುಗಿಸಿ ನಿದ್ದೆಗಣ್ಣಿನಲ್ಲಿ ಮೈದಾನಕ್ಕೆ ಹೋಗುವ ನನ್ನಂಥವಳಿಗೆ ಅದು ಎಷ್ಟು ದೊಡ್ಡ ವಿಷಯ ಅಂತ ಹೇಳಲಾರೆ.

ನಾನು ಬಂದ ಮೊದಲ ಸೀಸನ್ 2021-22. ಅದೃಷ್ಟ ಅಂದರೆ ಅದೇ. ಚಾಂಪಿಯನ್‌ಶಿಪ್‌ನಲ್ಲಿ ಪೂರ್ಣಾವಧಿಯ ತಂಡಗಳ ನಡುವೆ ನಮ್ಮವರು ತಿಂಗಳುಗಟ್ಟಲೆ ಮೇಲೆ ನಿಂತರು. ಮ್ಯಾನೇಜರ್ ಡಿಕ್ ಕ್ಯಾಂಪ್‌ಬೆಲ್, ತಲೆ ಮೇಲೆ ಸದಾ ಚಪ್ಪಟೆ ಟೋಪಿ. ಜೊತೆಗೆ ಸಹಾಯಕ್ಕೆ ಅವರ ಅವಳಿ ಸಹೋದರ ಇಯಾನ್. ಪ್ರೀಮಿಯರ್‌ಶಿಪ್‌ಗೆ ಹೋಗಿಯೇಬಿಟ್ಟೆವು ಅಂತ ಊರೆಲ್ಲ ಮಾತು. ಏಪ್ರಿಲ್ 22, ಶುಕ್ರವಾರ ರಾತ್ರಿ, ಕಿಲ್ಮಾರ್ನಕ್ ವಿರುದ್ಧ ಅವರ ಊರಿನಲ್ಲಿ ಪಂದ್ಯ. ಪಕ್ಕದ ಮನೆಯ ಹಾಲಿನಲ್ಲಿ ಹದಿನಾಲ್ಕು ಜನ ಟೀವಿ ಮುಂದೆ ಕೂತಿದ್ದೆವು. ಮೊದಲ ಗೋಲು ನಮಗೆ ಬಂತು. ಆಮೇಲೆ 1-1. ಮುಗಿಯಲು ಒಂದೆರಡು ನಿಮಿಷ ಇದೆ ಅನ್ನುವಾಗ ಅವರು ಇನ್ನೊಂದು ಹೊಡೆದರು. ಲೀಗ್ ಅವರದಾಯಿತು. ನಮಗೆ ಎರಡನೇ ಸ್ಥಾನ. ಮುಂದಿನ ತಿಂಗಳು ಮೇಲೇರುವ ಪ್ಲೇಆಫ್‌ನಲ್ಲಿ ಇನ್ವರ್ನೆಸ್ ತಂಡದ ವಿರುದ್ಧ ಪೆನಾಲ್ಟಿಯಲ್ಲಿ ಸೋತೆವು, ಅದೂ ನಮ್ಮ ಗೇಫೀಲ್ಡಿನಲ್ಲೇ. ಪಂದ್ಯ ಮುಗಿದ ಮೇಲೂ ಜನ ಕದಲಲಿಲ್ಲ. ಆಟಗಾರರು ಒಳಗೆ ಹೋಗುವವರೆಗೂ ಚಪ್ಪಾಳೆ ತಟ್ಟುತ್ತಲೇ ಇದ್ದರು.

ಎರಡು ವರ್ಷದ ಮೇಲೆ, 2024ರ ವಸಂತದಲ್ಲಿ, ಅದೇ ತಂಡ ಅದೇ ಚಾಂಪಿಯನ್‌ಶಿಪ್‌ನಲ್ಲಿ ಕಡೆಯ ಸ್ಥಾನಕ್ಕೆ ಬಿತ್ತು. ಡಿಕ್ ಕ್ಯಾಂಪ್‌ಬೆಲ್ ಆಗಲೇ ಹೋಗಿದ್ದರು. ಲೀಗ್ ಒನ್‌ಗೆ ಇಳಿದೆವು. ಅವತ್ತು ಮನೆಗೆ ಬರುವ ದಾರಿಯಲ್ಲಿ ಮಗ ಕೇಳಿದ, "ಅಮ್ಮಾ, ಇನ್ನು ಕ್ಲಬ್ ಮುಚ್ಚಿಬಿಡ್ತಾರಾ?"

ಆ ಪ್ರಶ್ನೆ ಸುಮ್ಮನೆ ಬಂದದ್ದಲ್ಲ. ನಮ್ಮದು ಆಂಗಸ್ ಎಂಬ ಸಣ್ಣ ಜಿಲ್ಲೆ. ಇಲ್ಲಿ ಆರ್ಬ್ರೋತ್, ಮಾಂಟ್ರೋಸ್, ಫೋರ್ಫರ್, ಬ್ರೀಕಿನ್ ಅಂತ ನಾಲ್ಕು ಹಳೆಯ ಕ್ಲಬ್ಬುಗಳಿವೆ. ಬ್ರೀಕಿನ್ ಮೈದಾನದ ಒಂದು ಬದಿಗೆ ಗೋಡೆಯ ಬದಲು ಹಸಿರು ಬೇಲಿ ಇದೆ, ನೋಡಲು ಬಲು ಚೆಂದ. ಆ ಬ್ರೀಕಿನ್ 2021ರಲ್ಲಿ ಪ್ಲೇಆಫ್‌ನಲ್ಲಿ ಕೆಲ್ಟಿ ಹಾರ್ಟ್ಸ್ ತಂಡದ ವಿರುದ್ಧ ಸೋತು 42ರ ಪಟ್ಟಿಯಿಂದಲೇ ಹೊರಬಿತ್ತು. ಇನ್ನೂ ಮೇಲೆ ಬಂದಿಲ್ಲ. ಆದರೆ ಮುಚ್ಚಿಲ್ಲ. ಆ 42ರ ಕೆಳಗಿನ ಹೈಲ್ಯಾಂಡ್ ಲೀಗಿನಲ್ಲಿ ಆಡುತ್ತಿದೆ. ಅದನ್ನು ಕಣ್ಣಿಂದ ನೋಡಲಿ ಅಂತಲೇ ಒಂದು ಶನಿವಾರ ಮಗನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಅದೇ ಬೇಲಿ, ಅದೇ ಪೈ ವಾಸನೆ, ಅದೇ ಅಜ್ಜಂದಿರು. ಅವನು ಬೇಲಿ ಮುಟ್ಟಿ ನೋಡಿ ಸಮಾಧಾನಪಟ್ಟುಕೊಂಡ.

ಅವನ ಶಾಲೆಯಲ್ಲಿ ಹೆಚ್ಚಿನ ಹುಡುಗರು ಹಾಕುವುದು ಸೆಲ್ಟಿಕ್ ಅಥವಾ ರೇಂಜರ್ಸ್ ಅಂಗಿ. ಎರಡೂ ಗ್ಲಾಸ್ಗೋದ ಭಾರಿ ಕ್ಲಬ್ಬುಗಳು. ಸಣ್ಣ ಊರುಗಳಿಂದ ಆ ಪಂದ್ಯಗಳಿಗೆ ಬಸ್ಸುಗಟ್ಟಲೆ ಜನ ಹೋಗುತ್ತಾರೆ. ಆ ಕ್ಲಬ್ಬುಗಳ ಮೇಲೆ ನನಗೆ ಕೋಪ ಇಲ್ಲ. ಆದರೆ ಮನೆಯಿಂದ ಹತ್ತು ನಿಮಿಷ ನಡೆದರೆ ಸಿಗುವ ಕ್ಲಬ್ಬನ್ನು ಬಿಟ್ಟು ಅಷ್ಟು ದೂರ ಹೋಗುತ್ತಾರಲ್ಲ ಅಂತ ನಿಜವಾಗಿಯೂ ಬೇಜಾರಾಗುತ್ತದೆ. ಗ್ಲಾಸ್ಗೋದಲ್ಲಿ ಒಬ್ಬರು ಬರದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಗೇಫೀಲ್ಡಿನಲ್ಲಿ ನಾನು ಒಂದು ವಾರ ತಪ್ಪಿಸಿದರೆ ಮುಂದಿನ ವಾರ ಮೂರು ಜನ ಕೇಳುತ್ತಾರೆ, "ಹುಷಾರಿಲ್ವಾ?" ಅಂತ. ನನ್ನ ಟಿಕೆಟಿನ ದುಡ್ಡು, ಮಗ ತಿಂದ ಪೈ, ಗೇಟಿನ ಚೀಟಿ, ಇವೆಲ್ಲ ಸೇರಿಯೇ ಮೈದಾನದ ದೀಪಗಳು ಉರಿಯುತ್ತವೆ. ಡಿಸೆಂಬರಿನಲ್ಲಿ ಮೂರೂವರೆಗೇ ಸೂರ್ಯ ಮುಳುಗುತ್ತಾನೆ, ಪಂದ್ಯದ ಅರ್ಧ ಪಾಲು ಆ ದೀಪದಲ್ಲೇ.

ಲೀಗ್ ಒನ್‌ಗೆ ಇಳಿದ ವರ್ಷವೂ ಸೀಸನ್ ಟಿಕೆಟ್ ತಗೊಂಡೆವು. ತಂಡದಲ್ಲೇ ಆಡುತ್ತಿದ್ದ ಕಾಲಿನ್ ಹ್ಯಾಮಿಲ್ಟನ್, ಡೇವಿಡ್ ಗೋಲ್ಡ್ ಇಬ್ಬರೂ ಸೇರಿ ಮ್ಯಾನೇಜರ್ ಹೊಣೆ ಹೊತ್ತರು. ಆಡುವವರೂ ಅವರೇ, ಆಡಿಸುವವರೂ ಅವರೇ. ಆ ವರ್ಷ ಲೀಗಿನಲ್ಲಿ ಸಂಕಟವೂ ಕಡಿಮೆ ಇರಲಿಲ್ಲ. ಇನ್ವರ್ನೆಸ್, ಡಂಬಾರ್ಟನ್ ಎರಡೂ ಕ್ಲಬ್ಬುಗಳು ಸಾಲಕ್ಕೆ ಸಿಕ್ಕಿ ಆಡಳಿತಗಾರರ ಕೈಗೆ ಹೋದವು. ಎರಡಕ್ಕೂ 15 ಅಂಕ ಕಡಿತ. ಇನ್ವರ್ನೆಸ್ ಹೇಗೋ ಉಳಿಯಿತು, ಡಂಬಾರ್ಟನ್ ಕೆಳಗಿಳಿಯಿತು. ಮೂರು ವರ್ಷದ ಹಿಂದೆ ನಮ್ಮ ಕನಸು ಮುರಿದದ್ದು ಅದೇ ಇನ್ವರ್ನೆಸ್. ಆದರೂ ಆ ಸುದ್ದಿ ಕೇಳಿ ನಮ್ಮಲ್ಲಿ ಯಾರೂ ಖುಷಿಪಡಲಿಲ್ಲ. ಪಕ್ಕದ ಮನೆಯವರು ಹೇಳಿದ್ದು ಇಷ್ಟೇ: "ಅಲ್ಲೂ ನನ್ನ ಹಾಗೆ ಚೀಟಿ ಮಾರುವವರು ಇರ್ತಾರೆ ಅಲ್ವಾ?"

ನಮ್ಮವರು ಆ ಲೀಗನ್ನು ಗೆದ್ದರು. 2024-25ರ ಲೀಗ್ ಒನ್ ಚಾಂಪಿಯನ್ ಆರ್ಬ್ರೋತ್. ಬಿದ್ದ ಒಂದೇ ವರ್ಷಕ್ಕೆ ಮತ್ತೆ ಮೇಲೆ! ಅವತ್ತು ಬಂದರಿನ ಹತ್ತಿರದ ಅಂಗಡಿಯಿಂದ ಸ್ಮೋಕಿ ತಂದೆ. ಅದು ಈ ಊರಿನ ಹೆಸರುವಾಸಿ ಮೀನು. ಹ್ಯಾಡಕ್ ಮೀನುಗಳ ಬಾಲಕ್ಕೆ ಜೋಡಿ ಜೋಡಿಯಾಗಿ ದಾರ ಕಟ್ಟಿ, ಗಟ್ಟಿ ಮರದ ಬೆಂಕಿಯ ಮೇಲೆ ತೂಗುಹಾಕಿ, ಹೊಗೆಯಲ್ಲೇ ಬೇಯಿಸುತ್ತಾರೆ. ಬೇರೆ ಊರಿನವರು ಆ ಹೆಸರಿನಲ್ಲಿ ಮಾರುವ ಹಾಗಿಲ್ಲ, 2004ರಿಂದ ಕಾನೂನಿನ ರಕ್ಷಣೆ ಇದೆ. ಬಿಸಿ ಅನ್ನ, ಕೋಕಂ ಸಾರು, ಪಕ್ಕದಲ್ಲಿ ಸ್ಮೋಕಿ. ಪಕ್ಕದ ಮನೆಯವರೂ ಬಂದು ಕೈಯಲ್ಲೇ ಕಲಸಿ ಉಂಡರು.

ಈ ಸಲ ದಾರಿ ಕಷ್ಟದ್ದೇ. ಮೇಲಿನಿಂದ ಸೇಂಟ್ ಜಾನ್‌ಸ್ಟನ್, ರಾಸ್ ಕೌಂಟಿ ಎರಡೂ ನಮ್ಮ ಲೀಗಿಗೆ ಇಳಿದಿವೆ. ಸೇಂಟ್ ಜಾನ್‌ಸ್ಟನ್ ಅಂದರೆ 2021ರಲ್ಲಿ ಒಂದೇ ಸೀಸನ್ನಿನಲ್ಲಿ ಲೀಗ್ ಕಪ್, ಸ್ಕಾಟಿಷ್ ಕಪ್ ಎರಡನ್ನೂ ಗೆದ್ದ ತಂಡ. ಪಾರ್ಟಿಕ್ ಥಿಸಲ್, ಡನ್‌ಫರ್ಮ್‌ಲಿನ್, ರೇತ್ ರೋವರ್ಸ್ ಇದ್ದೇ ಇವೆ. ಅವರೆಲ್ಲ ಇಲ್ಲಿಗೂ ಬರಬೇಕು, ಈ ಗಾಳಿಯಲ್ಲೂ ಆಡಬೇಕು. ಅದೊಂದು ನಮಗೆ ಧೈರ್ಯ. ನಮ್ಮ ಗುರಿ ದೊಡ್ಡದೇನಲ್ಲ. ಕಡೆಯ ಎರಡು ಸ್ಥಾನಗಳಿಗೆ ಬೀಳದೆ ಉಳಿದರೆ ಸಾಕು ಅಂತ ಮಗ ಗೋಡೆ ಮೇಲೆ 36 ಚೌಕದ ಪಟ್ಟಿ ಬರೆದಿಟ್ಟಿದ್ದಾನೆ. ಈಗ ಅವನಿಗೆ 11 ವರ್ಷ. ಚೀಟಿ ಮಾರುವಾಗ ಪಕ್ಕದ ಮನೆಯವರ ದುಡ್ಡಿನ ಡಬ್ಬಿ ಹಿಡಿದುಕೊಂಡು ನಿಲ್ಲುವವನು ಅವನೇ.

ಈ ಶನಿವಾರ ನನಗೆ ನೈಟ್ ಡ್ಯೂಟಿ. ಪಂದ್ಯ ಮೂರಕ್ಕೆ, ಮುಗಿಯುವಾಗ ಹೆಚ್ಚುಕಡಿಮೆ ಐದು. ಡ್ಯೂಟಿ ಎಂಟಕ್ಕೆ. ಹೋಗಿ ಬರಲು ಹೊತ್ತಿದೆ. ದಪ್ಪ ಕೋಟು ಬಾಗಿಲ ಹಿಂದೆಯೇ ನೇತುಹಾಕಿದ್ದೇನೆ.

ನಮಸ್ಕಾರ.