ಬೆಳಗೊಳಕ್ಕೆ ಹೊರಟಿದ್ದೀರಾ? ಮೊದಲು ಚಿಕ್ಕಬೆಟ್ಟ ಹತ್ತಿ

ಹಾಸನ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ.

ರಜೆ ಬಂತೆಂದರೆ ನಮ್ಮ ಜಿಲ್ಲೆಯವರು ನೆಂಟರನ್ನು ಕರೆದುಕೊಂಡು ಶ್ರವಣಬೆಳಗೊಳಕ್ಕೆ ಹೊರಡುತ್ತಾರೆ. ಹನ್ನೊಂದು ಗಂಟೆಗೆ ಕಾರಿನಿಂದ ಇಳಿಯುತ್ತಾರೆ. ಕಾದ ಬಂಡೆಯ ಮೇಲೆ ಬರಿಗಾಲಲ್ಲಿ ದೊಡ್ಡಬೆಟ್ಟದ 600ಕ್ಕೂ ಜಾಸ್ತಿ ಮೆಟ್ಟಿಲು ಹತ್ತುತ್ತಾರೆ. ಗೊಮ್ಮಟನಿಗೆ ಕೈ ಮುಗಿದು, ಫೋಟೋ ತೆಗೆದು, ಎಳನೀರು ಕುಡಿದು ವಾಪಸ್. ಎದುರಿಗೇ ಇರುವ ಚಿಕ್ಕಬೆಟ್ಟದ ಕಡೆ ತಿರುಗಿಯೂ ನೋಡುವುದಿಲ್ಲ. ನನಗೆ ಇದು ನಿಜಕ್ಕೂ ಬೇಸರ. ಅದಕ್ಕೇ ಇವತ್ತು ಒಂದೇ ಮಾತು ಹೇಳುತ್ತೇನೆ. ಮೊದಲು ಚಿಕ್ಕಬೆಟ್ಟ ಹತ್ತಿ. ಅದೂ ಬೆಳಗ್ಗೆ ಹತ್ತಿ.

ಗಂಗರ ಮಂತ್ರಿ ಚಾವುಂಡರಾಯ ಗೊಮ್ಮಟನನ್ನು ಮಾಡಿಸಿದ್ದು 10ನೇ ಶತಮಾನದ ಕೊನೆಯಲ್ಲಿ. ಚಿಕ್ಕಬೆಟ್ಟದ ಬಂಡೆಯ ಮೇಲೆ ಅದಕ್ಕಿಂತ ಮುನ್ನೂರು ವರ್ಷಕ್ಕೂ ಹಿಂದಿನ ಅಕ್ಷರಗಳಿವೆ. ಪಾರ್ಶ್ವನಾಥ ಬಸದಿಯ ಹತ್ತಿರದ ಶಾಸನ ಸುಮಾರು ಕ್ರಿ.ಶ. 600ರದ್ದು. ಉಜ್ಜಯಿನಿಯಲ್ಲಿ 12 ವರ್ಷ ಬರ ಬೀಳುತ್ತದೆ ಎಂದು ಜೈನ ಮುನಿ ಭದ್ರಬಾಹು ಹೇಳಿದ್ದು, ಜೈನ ಸಂಘ ದಕ್ಷಿಣಕ್ಕೆ ಹೊರಟಿದ್ದು ಅದರಲ್ಲಿದೆ. ಸುತ್ತಮುತ್ತ ಸಲ್ಲೇಖನ ವ್ರತ ಹಿಡಿದು, ಅಂದರೆ ಅನ್ನ ನೀರು ತೊರೆದು, ದೇಹ ಬಿಟ್ಟವರ ನೆನಪಿನ ಬರಹಗಳು. ನಂದಿಸೇನ ಮುನಿಯ ಶಾಸನವಂತೂ ಕನ್ನಡ ಪದ್ಯದಲ್ಲೇ ಇದೆ. ರೂಪ, ಹಣ, ವೈಭವ ಎಲ್ಲ ಕಾಮನಬಿಲ್ಲಿನ ಹಾಗೆ, ಮಿಂಚಿನ ಹಾಗೆ, ಮಂಜಿನ ಹಾಗೆ ತೋರಿ ಹೋಗುತ್ತವೆ, ಯಾರಿಗೂ ನಿಲ್ಲುವುದಿಲ್ಲ ಅನ್ನುತ್ತದೆ. ಪಂಪ ಹುಟ್ಟುವುದಕ್ಕೂ ಸುಮಾರು ಇನ್ನೂರು ವರ್ಷ ಮೊದಲಿನ ಪದ್ಯ ಅದು! ನಮ್ಮ ಮನೆ ಬಾಗಿಲಲ್ಲೇ ಇದೆ. ನಾವು ನೋಡುವುದಿಲ್ಲ ಅಂದರೆ ಹೇಗೆ?

ಬೆಳಗ್ಗೆಯೇ ಯಾಕೆ ಹೋಗಬೇಕು? ಈ ಅಕ್ಷರಗಳನ್ನು ಆಳವಾಗಿ ಕೊರೆದಿಲ್ಲ. ಬಿಸಿಲು ನೆತ್ತಿಗೆ ಬಂದರೆ ಬರೀ ಬಂಡೆ ಕಾಣುತ್ತದೆ. ಓರೆ ಬಿಸಿಲು ಬಿದ್ದರೆ ಒಂದೊಂದು ಗೀರಿನೊಳಗೂ ನೆರಳು ಕೂರುತ್ತದೆ. ಆಗ ಸಾಲು ಸಾಲಾಗಿ ಅಕ್ಷರ ಏಳುತ್ತವೆ.

ಒಂದು ಸಲ ಹೈಸ್ಕೂಲಿನ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಬಸ್ಸು ತಡವಾಗಿ, ಮೇಲೆ ಹೋಗುವಷ್ಟರಲ್ಲಿ ಮಧ್ಯಾಹ್ನ. ಮೇಷ್ಟ್ರು ಸುತ್ತಲೂ ನೋಡಿ, 'ಇಲ್ಲೇನಿದೆ ಸಾರ್, ಬರೀ ಬಂಡೆ' ಅಂದುಬಿಟ್ಟರು. ಮಕ್ಕಳೂ ನೀರಿನ ಬಾಟಲಿ ಹಿಡಿದು ಬಸದಿಯ ನೆರಳಿಗೆ ಸರಿದರು. ಹಿಂದಿನಿಂದ ಬಂದ ಒಬ್ಬಳು ಹುಡುಗಿ ಮಾತ್ರ ಅಲ್ಲೇ ಕೂತಳು. ಮೇಷ್ಟ್ರ ಕೊಡೆ ಇಸ್ಕೊಂಡು ಬಂಡೆಗೆ ನೆರಳು ಮಾಡಿದಳು. ನಾನು ಮೊಬೈಲಿನ ಟಾರ್ಚನ್ನು ನೆಲಕ್ಕೆ ತಾಗುವಷ್ಟು ಕೆಳಗೆ ಹಿಡಿದು ಪಕ್ಕದಿಂದ ಬೆಳಕು ಬಿಟ್ಟೆ. ಒಂದು ಸಾಲು ಎದ್ದು ಬಂತು. ಅವಳು ಕಣ್ಣು ಕಿರಿದು ಮಾಡಿ ನೋಡಿದಳು. 'ಸಾರ್, ಇದು ಗ ಅಲ್ವಾ?' ಅಂದಳು. ಹೌದು, ಗ! ಆ ಕಮಾನಿನಂಥ ಅಕ್ಷರ ಅಷ್ಟು ವರ್ಷದಿಂದ ಹೆಚ್ಚು ಬದಲಾಗಿಲ್ಲ. ಅಷ್ಟು ಸಾಕಾಯಿತು. ನೆರಳಲ್ಲಿದ್ದ ಮಕ್ಕಳೆಲ್ಲ ಓಡಿ ಬಂದರು. ನನಗೊಂದು ಗ, ನನಗೊಂದು ಗ ಅಂತ ಹುಡುಕಾಟ. ಇಳಿಯೋಣ ಅಂದರೆ ಯಾರೂ ಕೇಳಲಿಲ್ಲ. ಮೇಷ್ಟ್ರೂ ಮಂಡಿಯೂರಿ ಕೂತಿದ್ದರು.

ನಿಮಗಂತೂ ಕೊಡೆ, ಟಾರ್ಚು ಬೇಕಿಲ್ಲ. ಬೆಳಗ್ಗೆ ಹೋದರೆ ಆ ಕೆಲಸವನ್ನು ಸೂರ್ಯನೇ ಮಾಡುತ್ತಾನೆ. ಒಂದು ವಿನಂತಿ. ಸೀಮೆಸುಣ್ಣ ತಿಕ್ಕಬೇಡಿ, ನೀರು ಸುರಿಯಬೇಡಿ. ಹೆಸರು ಕೆತ್ತುವವರನ್ನು ಕಂಡರೆ ಅಲ್ಲೇ ತಡೆಯಿರಿ.

ಸಮಯ ಓಡುತ್ತಿದೆ, ಉಳಿದದ್ದು ಚುಟುಕಾಗಿ. ಬಸ್ಸಿನವರು ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಿಸಿ. ಚಿಕ್ಕಬೆಟ್ಟದ ಮೆಟ್ಟಿಲು ದೊಡ್ಡಬೆಟ್ಟದ ಅರ್ಧವೂ ಇಲ್ಲ, ಅಜ್ಜಿಯರೂ ನಿಧಾನವಾಗಿ ಹತ್ತಬಹುದು. ಚಂದ್ರಗುಪ್ತ ಬಸದಿಯ ಜಾಲಂಧ್ರ, ಅಂದರೆ ಕಲ್ಲಿನ ಜಾಲರಿ ನೋಡಿ, ಅದರಲ್ಲಿ ಭದ್ರಬಾಹು ಮತ್ತು ಅವರ ಶಿಷ್ಯನಾದ ಎನ್ನುವ ಚಂದ್ರಗುಪ್ತ ಮೌರ್ಯನ ಕಥೆಯೇ ಇದೆ. ತಲೆಯಿಂದ ಮೊಣಕಾಲಿನವರೆಗೆ ಮಾತ್ರ ಕಾಣುವ, ಗೊಮ್ಮಟನ ಅಣ್ಣ ಭರತನ ಮೂರ್ತಿಯನ್ನೂ ನೋಡಿ. ಮಧ್ಯಾಹ್ನ ಕೆಳಗೆ ಊಟ, ವಿಶ್ರಾಂತಿ. ಬಿಸಿಲು ಇಳಿದ ಮೇಲೆ ದೊಡ್ಡಬೆಟ್ಟ. ಗೊಮ್ಮಟ ಉತ್ತರಕ್ಕೆ ಮುಖ ಮಾಡಿ ನಿಂತಿದ್ದಾನೆ, ಬೆಳಗ್ಗೆಯೇ ನೋಡಬೇಕು ಅಂತೇನಿಲ್ಲ. ಹತ್ತುವಾಗ ಅಖಂಡ ಬಾಗಿಲಿನ ಹತ್ತಿರ ನಿಲ್ಲಿ. ಒಂದೇ ಬಂಡೆಯಲ್ಲಿ ಕಡಿದ ಬಾಗಿಲು, ಮೇಲೆ ಗಜಲಕ್ಷ್ಮಿ. ಹತ್ತಲಾಗದವರಿಗೆ ಡೋಲಿ ಸಿಗುತ್ತದೆ. ಕಾಲು ಸುಡುತ್ತದೆ ಅನ್ನುವವರು ಕಾಲುಚೀಲ ಹಾಕಿಕೊಳ್ಳಿ.

ಆದರೆ ಮೊದಲು ಚಿಕ್ಕಬೆಟ್ಟ. ನಮಸ್ಕಾರ.