ಹೆಸರು ತಪ್ಪದಂತೆ ಕಾಯುವ ಕೆಲಸ

ಕೇಳುಗರಿಗೆ ನಮಸ್ಕಾರ.

ಕೊಡವರ ಮನೆಯಲ್ಲಿ ಸಾವಾದರೆ ಕೋವಿಯಿಂದ ಎರಡು ಗುಂಡು ಹಾರಿಸುವುದು ಪದ್ಧತಿ. ಆ ಸದ್ದು ಬೆಟ್ಟದಾಚೆಗೂ ಕೇಳುತ್ತದೆ, ಜನ ಕೆಲಸ ಬಿಟ್ಟು ಹೊರಟು ಬರುತ್ತಾರೆ. ಆದರೆ ಸಾವು ಅಸಹಜವಾಗಿದ್ದರೆ ಬಂದವರು ಅಂಗಳದಲ್ಲಿ ಕಾಯಬೇಕಾಗುತ್ತದೆ. ಕಾಡಾನೆ ತುಳಿದದ್ದಿರಬಹುದು, ಹೊಳೆಯಲ್ಲಿ ಮುಳುಗಿದ್ದಿರಬಹುದು, ತೋಟಕ್ಕೆ ಹೊಡೆಯುವ ಔಷಧಿ ಕುಡಿದದ್ದಿರಬಹುದು, ಮೆಣಸು ಕೊಯ್ಯುವಾಗ ಅಲ್ಯೂಮಿನಿಯಂ ಏಣಿ ಕರೆಂಟ್ ತಂತಿಗೆ ತಾಗಿದ್ದಿರಬಹುದು. ಇಂಥ ದೇಹ ಮನೆಗೆ ಹೋಗುವ ಮುಂಚೆ ಶವಾಗಾರಕ್ಕೆ ಬರುತ್ತದೆ. ಹೊರಗೆ ನಿಂತವರಿಗೆ ಕಾಣುವುದು ಮುಚ್ಚಿದ ಬಾಗಿಲು ಮಾತ್ರ. ಆ ಬಾಗಿಲ ಒಳಗೆ ದಿನದ ಕೆಲಸ ಹೇಗೆ ಸಾಗಬೇಕು, ಅದರ ಉಸ್ತುವಾರಿ ಹೊತ್ತವರು ಏನೇನು ನೋಡಿಕೊಳ್ಳಬೇಕು ಎಂಬುದನ್ನು ಇವತ್ತು ಮಾತಾಡೋಣ.

ವಾರ್ಡಿನಲ್ಲಿ ರೋಗಿಯ ಹೆಸರು ತಪ್ಪಿ ಕರೆದರೆ ರೋಗಿಯೇ ತಿದ್ದುತ್ತಾನೆ. ಶವಾಗಾರದಲ್ಲಿ ತಿದ್ದುವವರಿಲ್ಲ. ಹಾಗಾಗಿ ಮೇಲ್ವಿಚಾರಕರ ಮೊದಲ ಕೆಲಸ ಹೆಸರನ್ನು ಕಾಯುವುದು. ದೇಹ ಬಂದ ಕೂಡಲೇ ಎರಡು ಗುರುತುಚೀಟಿ ಕಟ್ಟಬೇಕು: ಒಂದು ಕೈಮಣಿಕಟ್ಟಿಗೆ, ಇನ್ನೊಂದು ಕಾಲಿನ ಹೆಬ್ಬೆರಳಿಗೆ. ಕಾಗದದ ಚೀಟಿ ಒದ್ದೆಯಾಗಿ ಹರಿಯುತ್ತದೆ, ಬಾಲ್ ಪೆನ್ನಿನ ಶಾಯಿ ಹರಡುತ್ತದೆ. ಬಟ್ಟೆಯ ಪಟ್ಟಿ ಅಥವಾ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಳಿಸದ ಮಾರ್ಕರ್‌ನಲ್ಲಿ ಬರೆಯಬೇಕು. ರಿಜಿಸ್ಟರಿನ ಕ್ರಮಸಂಖ್ಯೆ, ಹೆಸರು, ವಯಸ್ಸು, ಠಾಣೆ, ಯುಡಿಆರ್ (ಅಸಹಜ ಸಾವಿನ ವರದಿ) ಅಥವಾ ಕ್ರೈಂ ನಂಬರು, ಬಂದ ದಿನ, ಗಂಟೆ, ಇಷ್ಟೂ ಇರಬೇಕು. ಹೆಸರು ಗೊತ್ತಿಲ್ಲದಿದ್ದರೆ ‘ಅಪರಿಚಿತ’ ಎಂದು ಬರೆದು ಸಂಖ್ಯೆ ಕೊಡಬೇಕು. ಜತೆಗಿದ್ದವರು ಅಂದಾಜಿನಲ್ಲಿ ಹೇಳಿದ ಹೆಸರನ್ನು ಖಚಿತವೆಂಬಂತೆ ಬರೆಯಬಾರದು. ದೇಹ ಸುತ್ತಿದ ಚೀಲದ ಮೇಲೂ ಒಂದು ಚೀಟಿ ಇರಲಿ, ಆದರೆ ಅದನ್ನೇ ನಂಬಿಕೊಳ್ಳಬೇಡಿ. ಚೀಲ ಬದಲಾಗುತ್ತದೆ, ಕಾಲ್ಬೆರಳು ಬದಲಾಗುವುದಿಲ್ಲ.

ಮೈಮೇಲಿನ ಒಡವೆಯ ಲೆಕ್ಕ ಬಹಳ ಸೂಕ್ಷ್ಮದ್ದು. ಕೊಡವ ಹೆಂಗಸರ ಕೊರಳಿನ ಪತ್ತಾಕ್ ಇರಲಿ, ಕರ್ತಮಣಿ ಇರಲಿ, ತಾಳಿ ಇರಲಿ, ರಿಜಿಸ್ಟರಿನಲ್ಲಿ ‘ಚಿನ್ನ’ ಎಂದು ಬರೆಯುವಂತಿಲ್ಲ. ‘ಹಳದಿ ಬಣ್ಣದ ಲೋಹದ ಸರ, ಒಂದು’ ಎಂದು ಬರೆಯಬೇಕು. ಅದು ಚಿನ್ನವೋ ಅಲ್ಲವೋ ಹೇಳುವುದು ನಮ್ಮ ಕೆಲಸವಲ್ಲ. ಚಿನ್ನವೆಂದು ಬರೆದು ನಾಳೆ ಅದು ಬೇರೆಯದೆಂದು ತಿಳಿದರೆ ‘ಇಲ್ಲೇ ಬದಲಾಯಿತು’ ಎಂಬ ಮಾತು ಬರುತ್ತದೆ. ಎಣಿಸುವಾಗ ಇಬ್ಬರಿರಬೇಕು, ಪೊಲೀಸರ ಎದುರೇ ಎಣಿಸಬೇಕು, ಪಡೆದವರ ಸಹಿ ಅದೇ ಸಾಲಿನಲ್ಲಿ ಬೀಳಬೇಕು.

ಇನ್ನು ಫ್ರೀಜರ್. ಎಲ್ಲರೂ ಹಾಗೆ ಕರೆಯುತ್ತಾರಾದರೂ ದಿನಬಳಕೆಯ ಪೆಟ್ಟಿಗೆಯಲ್ಲಿ ದೇಹ ಹೆಪ್ಪುಗಟ್ಟಬಾರದು. ಎರಡರಿಂದ ನಾಲ್ಕು ಡಿಗ್ರಿ ಸೆಲ್ಸಿಯಸ್ ಸಾಕು. ಸೊನ್ನೆಗಿಂತ ಕೆಳಗೆ ಹೋದರೆ ಜೀವಕೋಶದೊಳಗೆ ಮಂಜಿನ ಹರಳು ಬೆಳೆದು ಕೋಶ ಒಡೆಯುತ್ತದೆ, ಸೂಕ್ಷ್ಮದರ್ಶಕದ ಪರೀಕ್ಷೆ ಕೆಡುತ್ತದೆ. ತಿಂಗಳುಗಟ್ಟಲೆ ಇಡಬೇಕಾದ ಗುರುತು ಸಿಗದ ದೇಹಕ್ಕೆ ಮಾತ್ರ ಮೈನಸ್ ಇಪ್ಪತ್ತರ ಪೆಟ್ಟಿಗೆ. ದಿನಕ್ಕೆ ಮೂರು ಸಲ ಉಷ್ಣತೆ ಓದಿ ಬರೆಯಬೇಕು. ಹೊರಗಿನ ಡಿಸ್‌ಪ್ಲೇ ಒಂದನ್ನೇ ನೋಡಿದರೆ ಸಾಲದು, ಒಳಗೊಂದು ಬೇರೆ ಥರ್ಮಾಮೀಟರ್ ಇಟ್ಟು ತಾಳೆ ನೋಡಬೇಕು. ಬಾಗಿಲಿನ ರಬ್ಬರ್ ಸರಿಯಿದೆಯೇ ನೋಡಲು ಒಂದು ಕಾಗದದ ಚೂರನ್ನು ಸಿಕ್ಕಿಸಿ ಬಾಗಿಲು ಹಾಕಿ. ಎಳೆದರೆ ಸಲೀಸಾಗಿ ಬಂದರೆ ರಬ್ಬರ್ ಸೋತಿದೆ ಎಂದರ್ಥ. ನಮ್ಮ ಮಳೆಗಾಲದ ತೇವದ ಗಾಳಿ ಆ ಸಂದಿನಿಂದ ಒಳಗೆ ನುಗ್ಗಿ ಕಾಯಿಲ್ ಮೇಲೆ ಮಂಜಾಗಿ ಕೂರುತ್ತದೆ, ಯಂತ್ರ ಓಡುತ್ತಲೇ ಇರುತ್ತದೆ, ತಂಪು ಮಾತ್ರ ಏರುವುದಿಲ್ಲ. ಕಂಪ್ರೆಸರ್ ಕೆಟ್ಟಿತೆಂದು ಜನ ದೂರುವುದು ಎಷ್ಟೋ ಸಲ ಈ ರಬ್ಬರಿನ ತಪ್ಪಿಗೆ.

ಕಕ್ಕಡ ತಿಂಗಳ ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋಗುವುದು ಕೊಡಗಿನವರಿಗೆ ಹೊಸದಲ್ಲ. ಜನರೇಟರನ್ನು ವಾರಕ್ಕೊಮ್ಮೆ ಬರಿದೇ ಚಾಲೂ ಮಾಡಿ ನಿಲ್ಲಿಸಿದರೆ ಪರೀಕ್ಷೆಯಲ್ಲ. ಫ್ರೀಜರ್ ಅದರ ಮೇಲೆ ನಿಜಕ್ಕೂ ಓಡುತ್ತದೆಯೇ ಎಂದು ಹತ್ತು ಹದಿನೈದು ನಿಮಿಷ ಲೋಡ್ ಹಾಕಿ ನೋಡಬೇಕು. ಕರೆಂಟ್ ಇಲ್ಲದ ಹೊತ್ತಿನಲ್ಲಿ ಬಾಗಿಲು ತೆಗೆದು ತೆಗೆದು ನೋಡಬಾರದು, ಇರುವ ತಂಪೂ ಹೋಗುತ್ತದೆ. ಕೊಳೆತ ದೇಹವನ್ನು ಯಾವಾಗಲೂ ಕೆಳಗಿನ ತಟ್ಟೆಯಲ್ಲಿಡಬೇಕು, ಸೋರಿದರೆ ಇನ್ನೊಂದರ ಮೇಲೆ ಬೀಳಬಾರದು.

ಕಾಗದದ ವಿಷಯ ಬೇಗ ಮುಗಿಸುತ್ತೇನೆ. ಪೊಲೀಸರ ಕೋರಿಕೆ ಪತ್ರ ಮತ್ತು ಶವ ಮಹಜರು ಕೈಗೆ ಬಾರದೆ ಮರಣೋತ್ತರ ಪರೀಕ್ಷೆ ಶುರುಮಾಡುವಂತಿಲ್ಲ. 2024ರ ಜುಲೈ 1ರಿಂದ ಅಸಹಜ ಸಾವಿನ ವಿಚಾರಣೆಯ ಬಗ್ಗೆ ಹೇಳುವ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಮಿನ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂ ಬಂದಿದೆ. ಹಳೆಯ ಅಚ್ಚಿನ ಫಾರಂಗಳಲ್ಲಿ 174 ಎಂದೇ ಇದ್ದರೆ ತಿದ್ದಿಸಿಕೊಳ್ಳಬೇಕು. ಸೂರ್ಯಾಸ್ತದ ನಂತರ ಮರಣೋತ್ತರ ಪರೀಕ್ಷೆಯೇ ಇಲ್ಲ ಎಂಬ ಹಳೆಯ ನಿಯಮ 2021ರ ನವೆಂಬರಿನಲ್ಲಿ ಸಡಿಲವಾಯಿತು. ಬೆಳಕು ಮತ್ತು ಸೌಲಭ್ಯ ಸರಿಯಿರುವ ಆಸ್ಪತ್ರೆಯಲ್ಲಿ ರಾತ್ರಿಯೂ ಮಾಡಬಹುದು, ವಿಡಿಯೊ ಚಿತ್ರೀಕರಣ ಆಗಬೇಕು. ಆದರೆ ಕೊಲೆ, ಆತ್ಮಹತ್ಯೆ, ಅತ್ಯಾಚಾರ, ಕೊಳೆತ ದೇಹ, ಅನುಮಾನದ ಸಾವು, ಇವು ಕಾನೂನು ಸುವ್ಯವಸ್ಥೆಯ ತುರ್ತು ಇಲ್ಲದಿದ್ದರೆ ಹಗಲಿಗೇ ಉಳಿಯುತ್ತವೆ. ಮಳೆಗಾಲದಲ್ಲಿ ಮಂಜು ಕವಿದು ನಾಲ್ಕು ಗಂಟೆಗೇ ಕತ್ತಲಾಗುವ ಊರು ನಮ್ಮದು. ಹಳದಿ ಬಲ್ಬಿನಡಿ ಕಾಮಾಲೆಯ ಬಣ್ಣವೂ ಮಾಸಿದ ಪೆಟ್ಟಿನ ಬಣ್ಣವೂ ಕಣ್ಣಿಗೆ ಮೋಸ ಮಾಡುತ್ತವೆ. ಬಿಳಿ ಬೆಳಕಿನ ದೀಪ ಇರುವ ಕೋಣೆ ಹಗಲಿಗೂ ಬೇಕು.

ಬೆಳಗಿನ ಮೊದಲ ತಯಾರಿ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ. ಡಬ್ಬಿಯ ಮೇಲೆ ಶೇಕಡಾ ಐದು ಎಂದಿದ್ದರೆ ಒಂದು ಲೀಟರಿಗೆ ನಾಲ್ಕು ಲೀಟರ್ ನೀರು. ಆಗ ಶೇಕಡಾ ಒಂದರದ್ದಾಗುತ್ತದೆ. ದಿನವೂ ಹೊಸದಾಗಿ ಮಾಡಬೇಕು, ನಿನ್ನೆಯದ್ದರಲ್ಲಿ ಸತ್ವ ಇರುವುದಿಲ್ಲ. ಮೊದಲು ರಕ್ತವನ್ನು ಒರೆಸಿ, ನಂತರ ದ್ರಾವಣ ಹಾಕಿ ಕನಿಷ್ಠ ಹತ್ತು ನಿಮಿಷ ಬಿಡಬೇಕು. ರಕ್ತದ ಮೇಲೆಯೇ ಸುರಿದರೆ ರಕ್ತವೇ ಅದರ ಶಕ್ತಿಯನ್ನು ತಿಂದುಬಿಡುತ್ತದೆ. ಸ್ಟೀಲ್ ಮೇಜನ್ನು ಆಮೇಲೆ ನೀರಿನಲ್ಲಿ ತೊಳೆಯದಿದ್ದರೆ ತುಕ್ಕು ಹತ್ತುತ್ತದೆ. ಇದನ್ನು ಆಸಿಡ್ ಜತೆ ಎಂದೂ ಬೆರೆಸಬಾರದು, ಕ್ಲೋರಿನ್ ಗಾಳಿ ಏಳುತ್ತದೆ. ಅಂಗದ ತುಣುಕು ಕೆಡದಂತೆ ಇಡುವ ಫಾರ್ಮಲಿನ್‌ನಿಂದಲೂ ದೂರವಿಡಬೇಕು.

ಈಗ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಡುವ ಕೆಲಸ, ಒಳಾಂಗದ ಮಾದರಿ. ಶವಾಗಾರದ ಮಾತಿನಲ್ಲಿ ವಿಸೆರಾ. ಅಂಗವನ್ನು ತೆಗೆಯುವುದು ವೈದ್ಯರ ಕೈ, ಅದು ಕೆಡದಂತೆ, ಅದಲುಬದಲಾಗದಂತೆ ಪ್ರಯೋಗಾಲಯ ಮುಟ್ಟಿಸುವುದು ನಮ್ಮ ಕೈ. ಒಂದು ಬಾಟಲಿಯಲ್ಲಿ ಜಠರ, ಅದರೊಳಗಿನದ್ದು, ಜತೆಗೆ ಸಣ್ಣಕರುಳಿನ ಮೊದಲ ಮೂವತ್ತು ಸೆಂಟಿಮೀಟರ್. ಇನ್ನೊಂದರಲ್ಲಿ ಯಕೃತ್ತು ಸುಮಾರು ಅರ್ಧ ಕಿಲೋ, ಎರಡೂ ಮೂತ್ರಪಿಂಡಗಳಿಂದ ಅರ್ಧರ್ಧ. ಮೂರನೆಯದರಲ್ಲಿ ರಕ್ತ ಹತ್ತು ಮಿಲಿಲೀಟರ್, ಅದಕ್ಕೆ ಸೋಡಿಯಂ ಫ್ಲೋರೈಡ್ ನೂರು ಮಿಲಿಗ್ರಾಂ, ಪೊಟ್ಯಾಸಿಯಂ ಆಕ್ಸಲೇಟ್ ಮೂವತ್ತು ಮಿಲಿಗ್ರಾಂ. ರಕ್ತವನ್ನು ತೊಡೆಯ ರಕ್ತನಾಳದಿಂದಲೇ ತೆಗೆಯಬೇಕು. ಎದೆಗೂಡಿನಲ್ಲಿ ನಿಂತ ರಕ್ತವನ್ನು ಎತ್ತಿಕೊಂಡರೆ ಜಠರದಿಂದ ಇಳಿದ ಮದ್ಯ ಅದರಲ್ಲಿ ಸೇರಿ ಲೆಕ್ಕ ಹೆಚ್ಚು ತೋರಿಸುತ್ತದೆ. ನಾಲ್ಕನೆಯ ಬಾಟಲಿಯನ್ನು ಬಹಳ ಜನ ಮರೆಯುತ್ತಾರೆ. ಅಂಗ ಕೆಡದಂತೆ ಮೊದಲ ಎರಡು ಬಾಟಲಿಗೆ ಹಾಕಿದ ಉಪ್ಪುನೀರೇ ಅದರಲ್ಲಿ, ಬೇರೇನೂ ಇಲ್ಲ. ಸಿಕ್ಕ ವಿಷ ಉಪ್ಪಿನಿಂದ ಬಂದದ್ದಲ್ಲ ಎಂದು ತೋರಿಸಲು ಅದೇ ಸಾಕ್ಷಿ.

ಉಪ್ಪುನೀರು ಎಂದರೆ ಅಡುಗೆ ಉಪ್ಪಿನ ಸಂತೃಪ್ತ ದ್ರಾವಣ. ಲೀಟರ್ ನೀರಿಗೆ ಸುಮಾರು 360 ಗ್ರಾಂ ಉಪ್ಪು ಕರಗುತ್ತದೆ. ನಾನೂರು ಗ್ರಾಂ ಹಾಕಿ, ತಳದಲ್ಲಿ ಸ್ವಲ್ಪ ಕರಗದೆ ಉಳಿಯಬೇಕು. ಕೈಯಳತೆಯಲ್ಲಿ ಎರಡು ಹಿಡಿ ಹಾಕಿದರೆ ದ್ರಾವಣ ತೆಳುವಾಗಿ ಅಂಗ ಕೊಳೆಯುತ್ತದೆ, ಗಾಳಿ ತುಂಬಿ ಮುಚ್ಚಳ ಎಗರುತ್ತದೆ. ಅದಕ್ಕೆಂದೇ ಬಾಟಲಿಯನ್ನು ಮೂರರಲ್ಲಿ ಎರಡು ಭಾಗ ಮಾತ್ರ ತುಂಬಬೇಕು. ಕಾರ್ಬಾಲಿಕ್ ಬಿಟ್ಟು ಉಳಿದ ಆಸಿಡ್ ಕುಡಿದವರ ಅಂಗಕ್ಕೆ ಮಾತ್ರ ಉಪ್ಪುನೀರಿನ ಬದಲು ರೆಕ್ಟಿಫೈಡ್ ಸ್ಪಿರಿಟ್, ಅಂದರೆ ಗಟ್ಟಿ ಆಲ್ಕೋಹಾಲ್. ಮದ್ಯದ ಅನುಮಾನವಿದ್ದಲ್ಲಿ ಸ್ಪಿರಿಟ್ ಹಾಕಿದರೆ ಪರೀಕ್ಷೆಯೇ ಹೋಯಿತು. ಫಾರ್ಮಲಿನ್ ಇರಬೇಕಾದದ್ದು ಹಿಸ್ಟೊಪೆಥಾಲಜಿಯ, ಅಂದರೆ ಸೂಕ್ಷ್ಮದರ್ಶಕದ ಪರೀಕ್ಷೆಯ, ಬಾಟಲಿಯಲ್ಲಿ ಮಾತ್ರ: ಒಂದು ಭಾಗ ಫಾರ್ಮಲಿನ್‌ಗೆ ಒಂಬತ್ತು ಭಾಗ ನೀರು, ತುಣುಕಿನ ಹತ್ತು ಪಟ್ಟು ದ್ರವ. ಇವೆಲ್ಲ ನೋಡಲು ನೀರಿನಂತೆಯೇ ಇರುತ್ತವೆ. ಅಕ್ಕಪಕ್ಕ ಇಟ್ಟ ಕಪಾಟಿನಲ್ಲಿ ಕೈತಪ್ಪುವುದು ಇಲ್ಲಿಯೇ. ಒಂದೊಂದಕ್ಕೂ ಬೇರೆ ಬಣ್ಣದ ಚೀಟಿ, ಬೇರೆ ಅಂತಸ್ತು ಇರಲಿ.

ಬಾಟಲಿಗೆ ಬಟ್ಟೆ ಸುತ್ತಿ, ದಾರ ಕಟ್ಟಿ, ಅರಗಿನಿಂದ ಸೀಲು ಹಾಕಬೇಕು. ಅದೇ ಸೀಲಿನ ಮಾದರಿಯನ್ನು ಬೇರೆ ಕಾಗದದ ಮೇಲೆ ಒತ್ತಿ ಕಳಿಸಬೇಕು. ಒದ್ದೆ ಬಟ್ಟೆಯ ಮೇಲೆ ಅರಗು ಹಿಡಿಯುವುದಿಲ್ಲ, ಮಡಿಕೇರಿಯಿಂದ ಮೈಸೂರಿನ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಸುಮಾರು 120 ಕಿಲೋಮೀಟರ್ ಜೀಪಿನಲ್ಲಿ ಕುಲುಕುವಾಗ ಉದುರಿಹೋಗುತ್ತದೆ. ಸೀಲು ಒಡೆದ ಬಾಟಲಿಯನ್ನು ಅಲ್ಲಿ ತೆಗೆದುಕೊಳ್ಳುವುದಿಲ್ಲ. ಒಬ್ಬ ಕಾನ್‌ಸ್ಟೇಬಲ್ ಇಡೀ ದಿನ ವ್ಯರ್ಥ ಮಾಡಿಕೊಂಡು ಹಿಂದಿರುಗುತ್ತಾರೆ, ತಿಥಿ ಮುಗಿದರೂ ವರದಿ ಬಾರದೆ ಒಂದು ಮನೆ ಕಾಯುತ್ತದೆ.

ಕೊಡಗಿನಲ್ಲಿ ಬಟ್ಟೆ ಒಣಗಿಸುವುದೂ ಒಂದು ವಿದ್ಯೆ. ರಕ್ತದ ಬಟ್ಟೆಯನ್ನು ಹಸಿಯಾಗಿ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಎರಡೇ ದಿನಕ್ಕೆ ಬೂಸರು ಹಿಡಿದು ಸಾಕ್ಷ್ಯ ನಾಶವಾಗುತ್ತದೆ. ನೆರಳಿನಲ್ಲಿ ಆರಿಸಿ ಕಾಗದದ ಚೀಲಕ್ಕೆ ಹಾಕಬೇಕು. ಆದರೆ ಜುಲೈ ತಿಂಗಳಲ್ಲಿ ಆರುವುದು ಯಾವಾಗ? ಬೀಗ ಹಾಕಿದ ಸಣ್ಣ ಕೋಣೆಯಲ್ಲಿ ಫ್ಯಾನು ಮತ್ತು ತೇವ ಹೀರುವ ಯಂತ್ರ ಇಟ್ಟು, ಒಂದೊಂದನ್ನೂ ಬೇರೆ ಬೇರೆ ತೂಗುಹಾಕಿ, ಕೆಳಗೆ ಬಿಳಿ ಕಾಗದ ಹಾಸಬೇಕು. ಉದುರಿದ ಕೂದಲು, ಮಣ್ಣು ಆ ಕಾಗದದ ಮೇಲೆ ಸಿಗುತ್ತವೆ. ಹೀಟರ್ ಹತ್ತಿರ ಇಟ್ಟು ಅವಸರ ಮಾಡಬಾರದು, ಬಿಸಿಗೆ ಡಿಎನ್ಎ ಕೆಡುತ್ತದೆ.

ಕೋವಿಯ ಗಾಯ ನಮ್ಮ ಜಿಲ್ಲೆಯ ಶವಾಗಾರಕ್ಕೆ ಅಪರೂಪವಲ್ಲ. ಚಾಕು ಇಡುವ ಮುಂಚೆ ಎಕ್ಸ್‌ರೇ ಆಗಬೇಕು, ಬಟ್ಟೆ ತೆಗೆಯದೆ ಒಂದು, ತೆಗೆದು ಇನ್ನೊಂದು. ಚರೆಗಳ ಜತೆ ತೋಟೆಯೊಳಗಿನ ಬಿರಡೆಯ ಚೂರೂ ಮುಖ್ಯ. ಸೀಸವನ್ನು ಕಬ್ಬಿಣದ ಇಕ್ಕಳದಿಂದ ಹಿಡಿದರೆ ಹೊಸ ಗೀರು ಬೀಳುತ್ತದೆ. ಬೆರಳಿನಿಂದ ಅಥವಾ ರಬ್ಬರ್ ತೊಡಿಸಿದ ಇಕ್ಕಳದಿಂದ ತೆಗೆದು ಹತ್ತಿಯಲ್ಲಿ ಸುತ್ತಬೇಕು. ಸಹಾಯಕರು ಮೈ ತೊಳೆಯಲು ಆತುರಪಡುತ್ತಾರೆ, ಗಾಯದ ಸುತ್ತಲಿನ ಮಸಿ ಒಮ್ಮೆ ತೊಳೆದುಹೋದರೆ ಎಷ್ಟು ದೂರದಿಂದ ಹೊಡೆದದ್ದೆಂದು ಹೇಳಲು ಏನೂ ಉಳಿಯುವುದಿಲ್ಲ. ಕರೆಂಟ್ ತಗುಲಿದವರ ಅಂಗೈಯೂ ಹಾಗೆಯೇ, ವೈದ್ಯರು ನೋಡುವ ತನಕ ನೀರು ಸೋಕಿಸಬಾರದು.

ನೀರಿನಲ್ಲಿ ಹಲವು ದಿನ ಇದ್ದ ದೇಹದ ಕೈಚರ್ಮ ಕೈಗವುಸಿನಂತೆ ಕಳಚಿ ಬರುತ್ತದೆ. ಅದನ್ನು ಕಸವೆಂದು ಎಸೆಯಬೇಡಿ. ಪರಿಣತರು ಆ ಚರ್ಮವನ್ನು ತಮ್ಮ ಗ್ಲೌಸ್ ಹಾಕಿದ ಬೆರಳಿಗೆ ತೊಡಿಸಿಕೊಂಡು ಬೆರಳಚ್ಚು ತೆಗೆಯಬಲ್ಲರು. ತೋಟದ ಲೈನ್‌ಮನೆಯಲ್ಲಿದ್ದ ಹೊರರಾಜ್ಯದ ಕೂಲಿಕಾರನ ಊರು ಪತ್ತೆಯಾಗುವುದು ಕೆಲವೊಮ್ಮೆ ಆ ಒಂದು ಅಚ್ಚಿನಿಂದ.

2018ರ ಆಗಸ್ಟ್‌ನಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ, ಗುಡ್ಡ ಕುಸಿದದ್ದು ನಮಗೆಲ್ಲ ನೆನಪಿದೆ. ಅಂಥ ದಿನಗಳಿಗೆ ಒಂದೇ ನಿಯಮ: ಸಿಕ್ಕ ಪ್ರತಿಯೊಂದು ಭಾಗಕ್ಕೂ ಸಿಕ್ಕ ಜಾಗದಲ್ಲೇ ಪ್ರತ್ಯೇಕ ಸಂಖ್ಯೆ. ಎರಡು ಭಾಗ ಒಬ್ಬರದ್ದೇ ಎಂದು ಕಣ್ಣಿಗೆ ಕಂಡರೂ ಒಂದೇ ಚೀಲಕ್ಕೆ ಹಾಕಬಾರದು. ಕೂಡಿಸುವುದನ್ನು ಡಿಎನ್ಎ ಮಾಡಲಿ.

ಇಷ್ಟನ್ನೂ ಮಾಡುವ ಕೈಗಳ ಬಗ್ಗೆ ಹೇಳದಿದ್ದರೆ ಮಾತು ಅರ್ಧವೇ. ಶವಾಗಾರದ ಸಹಾಯಕರಿಗೆ ಹೆಪಟೈಟಿಸ್ ಬಿ ಲಸಿಕೆ ಮೂರು ಸಲ, ಮೊದಲ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ, ಆಗಲೇಬೇಕು. ಕಾಯಂ ನೌಕರರಿಗೆ ಹಾಕಿ ಗುತ್ತಿಗೆಯವರನ್ನು ಬಿಡುವುದು ಅನ್ಯಾಯ, ರೋಗಕ್ಕೆ ಆ ಭೇದ ಗೊತ್ತಿಲ್ಲ. ಎರಡು ಜತೆ ಗ್ಲೌಸಿನ ನಡುವೆ ಚಾಕು ತಾಗಿದರೂ ಸುಲಭಕ್ಕೆ ಕತ್ತರಿಸಿಹೋಗದ ಗ್ಲೌಸ್ ಒಂದು. ತಲೆಬುರುಡೆ ಕೊಯ್ಯುವಾಗ, ಕ್ಷಯದ ಶ್ವಾಸಕೋಶ ತೆಗೆಯುವಾಗ ಎನ್95 ಮಾಸ್ಕ್. ಚುಚ್ಚಿಕೊಂಡರೆ ಹಿಂಡಬಾರದು, ಬಾಯಿಗೆ ಇಡಬಾರದು. ಸೋಪು ನೀರಿನಲ್ಲಿ ತೊಳೆದು ಕೂಡಲೇ ತಿಳಿಸಬೇಕು. ಎಚ್ಐವಿ ತಡೆಯ ಮಾತ್ರೆ ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. ಬೈಯುವ ಮೇಲ್ವಿಚಾರಕರ ಕೆಳಗೆ ನೌಕರರು ಚುಚ್ಚಿಕೊಂಡದ್ದನ್ನು ಮುಚ್ಚಿಡುತ್ತಾರೆ, ಆ ಗಂಟೆಗಳು ಹಾಗೇ ಕಳೆದುಹೋಗುತ್ತವೆ.

ಕುಡಿಯದೆ ಈ ಕೆಲಸ ಆಗದು ಎಂಬ ಮಾತು ಎಲ್ಲ ಕಡೆಯೂ ಇದೆ. ಅದು ನಿಜವಲ್ಲ. ವಾಸನೆ ಎಳೆಯುವ ಫ್ಯಾನು, ಸ್ನಾನಕ್ಕೆ ಬಿಸಿನೀರು, ಬದಲಿಸಲು ಬಟ್ಟೆ, ಮಗುವಿನ ದೇಹ ಬಂದ ದಿನ ಕೆಲಸ ಹಂಚಿಕೊಳ್ಳಲು ಇನ್ನೊಬ್ಬರು, ಇವು ಸಿಕ್ಕ ಕಡೆ ಕುಡಿತ ಕಡಿಮೆಯಾಗುತ್ತದೆ. ಇವನ್ನು ಒದಗಿಸದೆ ಬರೀ ಮೆಮೊ ಕೊಟ್ಟರೆ ಏನೂ ಬದಲಾಗದು.

ದೇಹ ಕೊಡುವಾಗ ಹೊಲಿಗೆ ಒತ್ತಾಗಿ ಬೀಳಬೇಕು. ಮನೆಯವರು ಮೀಯಿಸುತ್ತಾರೆ, ಮುಸಲ್ಮಾನರ ಮನೆಯಲ್ಲಿ ಗುಸ್ಲ್ ಇರುತ್ತದೆ. ಸೋರುವ ಹೊಲಿಗೆಯಿಂದ ಅವರ ಕೈ ನಡುಗುವಂತಾಗಬಾರದು. ತಲೆಯ ಕೊಯ್ತ ಕಿವಿಯ ಹಿಂದಿನಿಂದ ಹೋದರೆ ಕೂದಲಲ್ಲಿ ಮುಚ್ಚುತ್ತದೆ. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ತೆಗೆದಿದ್ದಾರೆಯೇ ನೋಡಿ, ಚಿತೆಯಲ್ಲಿ ಅದು ಸಿಡಿಯುತ್ತದೆ. ಕೊನೆಗೆ ಮುಖ ತೋರಿಸಿ, ಕಾಲಿನ ಚೀಟಿ, ಕೈಯ ಚೀಟಿ, ರಿಜಿಸ್ಟರ್, ಮೂರನ್ನೂ ಗಟ್ಟಿಯಾಗಿ ಓದಿ, ಸಹಿ ಪಡೆದು ಕೊಡಬೇಕು. ಅದಲುಬದಲು ಹೆಚ್ಚಾಗಿ ಆಗುವುದು ಪಾಳಿ ಬದಲಾಗುವ ಹೊತ್ತಿನಲ್ಲಿ, ಇಬ್ಬರು ವಯಸ್ಸಾದವರು ಒಂದೇ ದಿನ ಬಂದಾಗ. ‘ಗೊತ್ತು, ಗೊತ್ತು, ಇದೇ’ ಎಂದವರ ಕೈಯಲ್ಲಿ.

ಸಂಜೆ ಬೀಗದ ಕೈ ರಾತ್ರಿ ಪಾಳಿಯವರಿಗೆ ಹೋಗುವ ಮುಂಚೆ ಇಬ್ಬರೂ ಸೇರಿ ಪೆಟ್ಟಿಗೆ ತೆರೆದು ಎಣಿಸಬೇಕು. ಒಳಗೆ ಎಷ್ಟು ದೇಹ, ಯಾವ ತಟ್ಟೆಯಲ್ಲಿ ಯಾವ ಸಂಖ್ಯೆ, ಉಷ್ಣತೆ ಎಷ್ಟು, ಡೀಸೆಲ್ ಎಷ್ಟು ಉಳಿದಿದೆ, ಬರೆದು ಇಬ್ಬರೂ ಸಹಿ ಹಾಕಬೇಕು. ನಮಸ್ಕಾರ.