ಕೆಂಪು ಒಂದೇ, ಬಟ್ಟೆಯ ಮೈ ಬೇರೆ

ಮೊದಲು ಈ ಎರಡು ತುಂಡು ನೋಡಿ. ಎಡಗಡೆ ಇರುವುದು ಹಳೇ ಹತ್ತಿ ಸೀರೆಯದು. ಬಲಗಡೆ ಗುಳೇದಗುಡ್ಡದ ಖಣ, ಅಂದರೆ ಕುಬಸದ (ರವಿಕೆಯ) ಬಟ್ಟೆ. ಎರಡೂ ಕೆಂಪೇ. ಫೋಟೋದಲ್ಲಿ ನೋಡಿದರೆ ಒಂದೇ ಬಟ್ಟೆಯಿಂದ ಹರಿದದ್ದು ಅನ್ನುತ್ತೀರಿ. ಈಗ ಕಿಟಕಿ ತೆಗೆಯುತ್ತೇನೆ. ಹಾಂ, ಈಗ ನೋಡಿ. ಹತ್ತಿಯ ಕೆಂಪು ಇದ್ದ ಹಾಗೇ ಇದೆ, ಆದರೆ ಖಣದ ಕೆಂಪು ನಾನು ಕೈ ಆಡಿಸಿದಂತೆಲ್ಲ ಒಮ್ಮೆ ಹೊಳೆಯುತ್ತದೆ, ಒಮ್ಮೆ ಕಪ್ಪಿಗೆ ತಿರುಗುತ್ತದೆ.

ನಮಸ್ಕಾರ, ಬಾಗಲಕೋಟೆಯಿಂದ. ಇವತ್ತು ಕೌದಿ, ಅಂದರೆ ಹಳೇ ಬಟ್ಟೆ ತುಂಡುಗಳ ಹೊದಿಕೆ, ಹೊಲಿಯುತ್ತಾ ಬಣ್ಣದ ಬಗ್ಗೆ ಮಾತಾಡೋಣ. ಯಾವ ಬಣ್ಣಕ್ಕೆ ಯಾವ ಬಣ್ಣ ಹೊಂದುತ್ತದೆ ಅಂತ ಸಿಕ್ಕವರೆಲ್ಲ ಕೇಳುತ್ತಾರೆ. ಬಣ್ಣದ ಚಕ್ರ ತೋರಿಸಿ ಪಾಠ ಮಾಡುವ ವಿಡಿಯೋ ಬೇಕಾದಷ್ಟಿವೆ, ಅವು ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಆ ಚಕ್ರದಲ್ಲಿ ನುಣುಪು ಇಲ್ಲ, ಒರಟು ಇಲ್ಲ, ದಪ್ಪ ಇಲ್ಲ. ನಮ್ಮ ಕೈಯಲ್ಲಿರುವುದು ಬಟ್ಟೆ. ಅದಕ್ಕೆ ಒಂದು ಮೈ ಇದೆ, ಬಣ್ಣ ಆ ಮೈ ಹೇಳಿದ ಹಾಗೆ ಕೇಳುತ್ತದೆ.

ಪಕ್ಕದಲ್ಲಿ ಕೂತಿರುವವರು ನಮ್ಮ ದೊಡ್ಡವ್ವ. ಮುಖ ತೋರಿಸಬೇಡ ಅಂದಿದ್ದಾರೆ, ಅದಕ್ಕೇ ಬರೀ ಕೈ ಕಾಣುತ್ತಿದೆ. ನಾನು ಚಿಂದಿ ಗಂಟು ಬಿಚ್ಚಿ ಬಣ್ಣದ ಪ್ರಕಾರ ವಿಂಗಡಿಸೋಕೆ ಹೋದರೆ ಅವರು ಬೇರೇನೋ ಮಾಡುತ್ತಾರೆ. ಒಂದೊಂದು ತುಂಡನ್ನೂ ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ತಿಕ್ಕುತ್ತಾರೆ. "ಬಣ್ಣ ಆಮ್ಯಾಲ ನೋಡೂಣು ಯವ್ವಾ, ಮೊದ್ಲ ಇದು ಎಷ್ಟ್ ಮೆತ್ತಗೈತಿ ನೋಡು." ಅವರ ಲೆಕ್ಕದಲ್ಲಿ ಮೆತ್ತಗಿರುವುದು ಒಂದು ಗುಂಪು, ಜಾರುವುದು ಇನ್ನೊಂದು, ಬಿರುಸಾಗಿರುವುದು ಮತ್ತೊಂದು. ಬಣ್ಣದ ಆಯ್ಕೆ ಶುರುವಾಗುವುದು ಇದಾದ ಮೇಲೆ. ನನಗೆ ಇದು ಬರೀ ರೂಢಿ ಅನಿಸುವುದಿಲ್ಲ, ಇದಕ್ಕೆ ಕಾರಣ ಇದೆ.

ರೇಷ್ಮೆ ಎಳೆಯನ್ನು ಅಡ್ಡ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ಹೆಚ್ಚುಕಮ್ಮಿ ಮುಮ್ಮೂಲೆ ಆಕಾರದಲ್ಲಿರುತ್ತದೆ. ಮೂಲೆಗಳು ಸ್ವಲ್ಪ ಉರುಟು, ಬದಿಗಳು ನುಣುಪು. ಬೆಳಕು ಬಿದ್ದರೆ ಹೆಚ್ಚು ಚೆದುರದೆ ಪುಟಿಯುತ್ತದೆ. ಅದಕ್ಕೇ ರೇಷ್ಮೆಯ ಹೊಳಪು. ಹತ್ತಿಯ ಎಳೆ ಹಾಗಲ್ಲ, ಅದು ಚಪ್ಪಟೆಯಾಗಿ ಅಲ್ಲಲ್ಲಿ ತಿರುಚಿಕೊಂಡಿರುತ್ತದೆ, ಬೆಳಕು ಎಲ್ಲಾ ಕಡೆ ಚೆದುರುತ್ತದೆ. ಒಂದೇ ಬಣ್ಣ ಹಾಕಿದರೂ ಹತ್ತಿ ಮಂಕು, ರೇಷ್ಮೆ ಮಿಂಚು. ಹಾಗಾಗಿ ಹತ್ತಿಯ ಪಕ್ಕ ರೇಷ್ಮೆ ಇಟ್ಟರೆ, ಬಣ್ಣ ಒಂದೇ ಇದ್ದರೂ, ಕಣ್ಣು ಮೊದಲು ರೇಷ್ಮೆಗೇ ಹೋಗುತ್ತದೆ. ಇಡೀ ಕೌದಿಯಲ್ಲಿ ಹೊಳೆಯುವ ತುಂಡುಗಳೆಲ್ಲ ಒಂದೇ ಮೂಲೆಗೆ ಸೇರಿಬಿಟ್ಟರೆ ಆ ಮೂಲೆ ಒಂದೇ ಕೂಗುತ್ತಿರುತ್ತದೆ.

ಖಣದಲ್ಲಿ ಇನ್ನೂ ಒಂದು ಆಟ ಇದೆ. ಹಾಸು, ಅಂದರೆ ಉದ್ದದ ಎಳೆಗಳಿಗೆ ಒಂದು ಬಣ್ಣದ ನೂಲು, ಹೊಕ್ಕು, ಅಂದರೆ ಅಡ್ಡ ಎಳೆಗಳಿಗೆ ಇನ್ನೊಂದು ಬಣ್ಣದ ನೂಲು ಹಾಕುತ್ತಾರೆ. ಹಾಸು ನೇರಳೆ, ಹೊಕ್ಕು ಕೆಂಪು ಅಂದುಕೊಳ್ಳಿ. ಎದುರಿಗೆ ಹಿಡಿದರೆ ಒಂದು ಬಣ್ಣ, ಓರೆ ಹಿಡಿದರೆ ಮತ್ತೊಂದು. ಕುಬಸ ಹೊಲಿಸಿಕೊಂಡವರಿಗೆ ಇದು ಗೊತ್ತು, ತೋಳು ಮಡಿಸಿದಲ್ಲಿ ಬೇರೆ ಬಣ್ಣ ಬಂದಿರುತ್ತದೆ. ಅದರ ಮೇಲೆ ಮೈತುಂಬ ಚಿಕ್ಕ ಚಿಕ್ಕ ಬುಟ್ಟಾ ನೇಯ್ದಿರುತ್ತಾರೆ. ಮುಟ್ಟಿದರೆ ಬೆರಳಿಗೆ ತಾಗುತ್ತದೆ. ಇಂಥ ಬಟ್ಟೆಯನ್ನು ಕೌದಿಗೆ ಕತ್ತರಿಸುವಾಗ ಒಂದು ಉಪಾಯ ಹೇಳುತ್ತೇನೆ. ಒಂದೇ ಖಣದ ಎರಡು ಚೌಕ ತಗೊಳ್ಳಿ, ಒಂದನ್ನು ಉದ್ದಕ್ಕೆ ಇಡಿ, ಇನ್ನೊಂದನ್ನು ಅಡ್ಡಕ್ಕೆ ತಿರುಗಿಸಿ ಇಡಿ. ಎರಡು ಬೇರೆ ಬಟ್ಟೆ ತಂದ ಹಾಗೆ ಕಾಣುತ್ತದೆ. ಪುಕ್ಕಟೆ ಬಣ್ಣ, ಬಿಡಬೇಡಿ.

ಇಳಕಲ್ ಸೀರೆಗೆ ಬರೋಣ. ಇದು ನಮ್ಮ ಜಿಲ್ಲೆಯದೇ, ಹಾಗಾಗಿ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ. ಇದರ ಒಡಲು ಹತ್ತಿ, ಸೆರಗು ರೇಷ್ಮೆ. ಒಡಲಿನ ಹಾಸು ಮತ್ತು ಸೆರಗಿನ ಹಾಸನ್ನು ಎಳೆ ಎಳೆಯಾಗಿ ಕುಣಿಕೆ ಹಾಕಿ ಸೇರಿಸುತ್ತಾರೆ. ಇದಕ್ಕೆ ಕೊಂಡಿ ಅನ್ನುತ್ತಾರೆ. ಒಂದು ಸೀರೆಗೆ ಅಂತಲೇ ಇಷ್ಟು ಕೆಲಸ. ಅಂದರೆ ಈ ಸೀರೆಯಲ್ಲಿ ಬಣ್ಣ ಬದಲಾಗುವ ಜಾಗದಲ್ಲೇ ಬಟ್ಟೆಯ ಮೈಯೂ ಬದಲಾಗುತ್ತದೆ. ಹಸಿರು ಒಡಲು ಮುಗಿದು ಕೆಂಪು ಸೆರಗು ಶುರುವಾದಾಗ ಮಂಕು ಹೋಗಿ ಹೊಳಪು ಬರುತ್ತದೆ. ಹಸಿರು ಕೆಂಪು ಎರಡೂ ಹೊಳೆದಿದ್ದರೆ ಜಗಳ ಆಡುತ್ತಿದ್ದವು. ಇಲ್ಲಿ ಹಸಿರು ಹಿಂದೆ ಸರಿದು ಕೆಂಪಿಗೆ ಜಾಗ ಕೊಡುತ್ತದೆ.

ಆ ಸೆರಗನ್ನೂ ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. ತೋಪತೆನಿ ಸೆರಗು. ಮೂರು ಕಡೆ ಗಟ್ಟಿ ಕೆಂಪು ಪಟ್ಟೆ, ನಡುವೆ ಎರಡು ಕಡೆ ಬಿಳಿ. ಬಿಳಿಯ ಅಂಚು ನೋಡಿ, ನೆಟ್ಟಗಿಲ್ಲ. ಹಲ್ಲುಹಲ್ಲಾಗಿ ಕೆಂಪಿನೊಳಗೆ ನುಗ್ಗಿದೆ. ಬಾಚಣಿಗೆಯ ಹಲ್ಲಿನ ಥರ ಇದ್ದರೆ ಹಣಿಗೆ, ಕೋಟೆ ಗೋಡೆಯ ತುದಿಯ ಥರ ಇದ್ದರೆ ಕೋಟಿ ಕಮ್ಲಿ ಅಂತ ಹೆಸರುಗಳಿವೆ. ಬಿಳಿ ಇಲ್ಲದೆ ಅಷ್ಟು ದೊಡ್ಡ ಕೆಂಪು ಇದ್ದಿದ್ದರೆ ಕಣ್ಣಿಗೆ ಭಾರ ಆಗುತ್ತಿತ್ತು. ಬಿಳಿ ಬರೀ ನೆಟ್ಟಗಿನ ಪಟ್ಟೆ ಆಗಿದ್ದರೆ ಸಪ್ಪೆ ಆಗುತ್ತಿತ್ತು. ಎರಡು ಗಾಢ ಬಣ್ಣಗಳ ನಡುವೆ ಏನಿಡಬೇಕು ಅಂತ ತಲೆ ಕೆಡಿಸಿಕೊಳ್ಳುವವರು ಒಂದು ಹಳೇ ಇಳಕಲ್ ಸೆರಗನ್ನು ಗೋಡೆಗೆ ಹಾಕಿಕೊಂಡು ನೋಡಿದರೆ ಸಾಕು ಅನ್ನುತ್ತೇನೆ ನಾನು.

ಕಸೂತಿಯನ್ನು ಬಿಟ್ಟರೆ ನಮ್ಮ ಧಾರವಾಡದ ಕಡೆಯವರು ಬೈಯುತ್ತಾರೆ. ಇಳಕಲ್ ಸೀರೆ ಮೇಲೂ ಕಸೂತಿ ಹಾಕುತ್ತಾರೆ, ಕಪ್ಪು ಚಂದ್ರಕಾಳಿ ಸೀರೆ ಮೇಲಂತೂ ಹಾಕೇ ಹಾಕುತ್ತಾರೆ. ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಅಂತ ನಾಲ್ಕು ಹೊಲಿಗೆ. ಬಟ್ಟೆಯ ಎಳೆ ಎಣಿಸಿಕೊಂಡು ಹಾಕುವುದು, ಅಡಿಯಲ್ಲಿ ಗಂಟು ಹಾಕುವ ಹಾಗಿಲ್ಲ. ಗವಂತಿ, ಮುರ್ಗಿ ಹಾಕಿದರೆ ಹಿಂದೆ ಮುಂದೆ ಎರಡೂ ಒಂದೇ ಥರ ಕಾಣುತ್ತದೆ. ನನ್ನ ಆಸಕ್ತಿ ಬೇರೆ ಕಡೆ ಇದೆ. ಈ ಬಟ್ಟೆ ಮೇಲೆ ಒಂದೇ ಕಿತ್ತಳೆ ದಾರದಲ್ಲಿ ಗವಂತಿಯೂ ಹಾಕಿದ್ದೇನೆ, ಮೆಂತೆಯೂ ಹಾಕಿದ್ದೇನೆ. ಗವಂತಿ ಬರೀ ಗೆರೆ, ಸುತ್ತ ಕಪ್ಪು ಬಟ್ಟೆ ಕಾಣುತ್ತದೆ, ಹಾಗಾಗಿ ಕಿತ್ತಳೆ ತೆಳ್ಳಗೆ ಅನಿಸುತ್ತದೆ. ಮೆಂತೆ ಅಡ್ಡಾದಿಡ್ಡಿ ಹೊಲಿದು ತುಂಬುವ ಹೊಲಿಗೆ, ದಾರ ಬಟ್ಟೆಯಿಂದ ಎದ್ದು ನಿಲ್ಲುತ್ತದೆ, ಅಲ್ಲಿ ಅದೇ ಕಿತ್ತಳೆ ಉರಿಯುತ್ತದೆ. ದಾರದ ಅಂಗಡಿಯಲ್ಲಿ ಎರಡು ಛಾಯೆ ಕೇಳುವ ಮೊದಲು ಹೊಲಿಗೆ ಬದಲಿಸಿ ನೋಡಿ.

ಇದು ಕಂಬಳಿ ತುಂಡು. ದಖ್ಖನಿ ಕುರಿಯ ಉಣ್ಣೆ, ಬಣ್ಣ ಹಾಕಿಲ್ಲ, ಕುರಿ ಮೈಯ ಕಪ್ಪೇ ಇದು. ಹುಣಸೆಬೀಜದ ಗಂಜಿ ಹಾಕಿ ನೂಲನ್ನು ಗಟ್ಟಿ ಮಾಡಿ ನೇಯುತ್ತಾರೆ, ಅದಕ್ಕೇ ಹೊಸ ಕಂಬಳಿ ಚುಚ್ಚುತ್ತದೆ. ಹತ್ತಿರ ಹೋದರೆ ಕಪ್ಪು ಕಪ್ಪಾಗಿಲ್ಲ, ನಡುನಡುವೆ ಕಂದು, ಬೂದು ಕೂದಲು ಇವೆ. ಅಂಗಡಿಯ ಕಪ್ಪು ಪಾಪ್ಲಿನ್ ಬಟ್ಟೆಯಲ್ಲಿ ಈ ಆಳ ಇಲ್ಲ, ಅದು ಬರೀ ಒಂದು ತೂತಿನ ಹಾಗೆ ಕಾಣುತ್ತದೆ. ಕಂಬಳಿ ಮೇಲೆ ಒಂದಿಷ್ಟು ಖಣ ಇಟ್ಟರೆ ಖಣಕ್ಕೆ ಎಂಥ ಕಳೆ! ಆದರೆ ಒಗೆಯುವ ಕೌದಿಯಲ್ಲಿ ಉಣ್ಣೆ ಸೇರಿಸಬೇಡಿ. ನೀರು ಬಿದ್ದು ತಿಕ್ಕಿದರೆ ಉಣ್ಣೆ ಗಂಟುಗಟ್ಟಿ ಕುಗ್ಗುತ್ತದೆ, ಹತ್ತಿ ಅಷ್ಟು ಕುಗ್ಗುವುದಿಲ್ಲ, ಆಮೇಲೆ ಇಡೀ ಕೌದಿ ಎಳೆದುಕೊಂಡು ಸೊಟ್ಟಗಾಗುತ್ತದೆ. ಗೋಡೆಗೆ ಹಾಕುವುದು, ಚೀಲ, ಇಂಥದ್ದಕ್ಕೆ ಚೆನ್ನ.

ಈಗ ಕೌದಿ. ಅಡಿಯಲ್ಲಿ ಹಳೇ ಸೀರೆ, ನಡುವೆ ಧೋತರ, ಲುಂಗಿ, ಸವೆದ ಚಾದರ, ಏನು ಸಿಕ್ಕರೂ ಪದರ ಪದರವಾಗಿ ಹಾಸಿ, ಮೇಲೆ ಚೌಕ, ಪಟ್ಟಿ, ಮುಮ್ಮೂಲೆ ತುಂಡುಗಳನ್ನು ಜೋಡಿಸುತ್ತೇವೆ. ದೊಡ್ಡವ್ವ ಅಂಚಿನಿಂದ ಶುರು ಮಾಡಿ ಸುತ್ತ ಹೊಲಿಯುತ್ತಾ ಒಳಗೆ ಬರುತ್ತಾರೆ. ನಾನು ಮಧ್ಯದಿಂದ ಹೊರಗೆ ಹೋಗೋಣ ಅಂದೆ, "ಹಂಗ ಮಾಡಿದ್ರ ಅಂಚಿನ್ಯಾಗ ಬಟ್ಟಿ ಉಳೀತೈತಿ, ಆಮ್ಯಾಲ ಅಳಕೋಂತ ಕುಂದರ್ತಿ" ಅಂದರು. ಸುಮ್ನೆ ಸೂಜಿ ಕೊಟ್ಟೆ.

ಕೌದಿಯ ನಿಜವಾದ ಮೈ ಬರುವುದು ಈ ಹೊಲಿಗೆಯಿಂದ. ದಾರ ಎಳೆದಾಗ ಪದರಗಳು ಕುಗ್ಗುತ್ತವೆ, ಎರಡು ಸಾಲಿನ ನಡುವೆ ಬಟ್ಟೆ ಉಬ್ಬುತ್ತದೆ. ಉಬ್ಬಿದಲ್ಲಿ ಬೆಳಕು, ಹೊಲಿಗೆಯ ಗೆರೆಯಲ್ಲಿ ನೆರಳು. ಎರೆ ಹೊಲದಲ್ಲಿ ನೇಗಿಲು ಹೊಡೆದ ಸಾಲಿನ ಹಾಗೆ. ಈ ನೆರಳಿನಿಂದಾಗಿ ಸಾದಾ ಹಳದಿ ತುಂಡು ಕೂಡ ಎರಡು ಹಳದಿ ಆಗುತ್ತದೆ. ಅಚ್ಚಿನ ಹೂವು ತುಂಬಿದ ಬಟ್ಟೆಯಲ್ಲಿ ಈ ಗೆರೆಗಳು ಕಾಣುವುದೇ ಇಲ್ಲ, ಕಷ್ಟಪಟ್ಟು ಹೊಲಿದದ್ದು ವ್ಯರ್ಥ. ಅದಕ್ಕೇ ಸಾದಾ ಬಟ್ಟೆ ಹಾಕಿದಲ್ಲಿ ಒತ್ತೊತ್ತಾಗಿ ಹೊಲಿಯಿರಿ, ಹೂವಿನ ಬಟ್ಟೆ ಬಂದಲ್ಲಿ ಸ್ವಲ್ಪ ದೂರ ದೂರ ಹೋದರೂ ನಡೆಯುತ್ತದೆ. ಇಡೀ ಕೌದಿಗೆ ಒಂದೇ ಬಣ್ಣದ ದಾರ ಬಳಸಿ. ನಾನು ಬಿಳಿ ಬಳಸುತ್ತೇನೆ. ಯಾವ ಊರಿಂದಲೋ ಬಂದ ಇಪ್ಪತ್ತು ಬಣ್ಣದ ತುಂಡುಗಳನ್ನು ಒಂದು ಮನೆಯವರನ್ನಾಗಿ ಮಾಡುವುದು ಆ ದಾರವೇ. ಪ್ರತಿ ತುಂಡಿಗೂ ಹೊಂದುವ ದಾರ ಹುಡುಕುವವರಿದ್ದಾರೆ. ಅವರ ತಾಳ್ಮೆಗೆ ಕೈ ಮುಗಿಯುತ್ತೇನೆ, ಆದರೆ ಕೌದಿ ಚದುರಿದ ಹಾಗೆ ಕಾಣುತ್ತದೆ.

ಹೊಲಿಯುವ ಮೊದಲು ತುಂಡುಗಳನ್ನು ನೆಲದ ಮೇಲೆ ಜೋಡಿಸಿ ಒಂದು ಫೋಟೋ ತೆಗೆಯಿರಿ, ಅದನ್ನು ಕಪ್ಪು ಬಿಳುಪು ಮಾಡಿ. ಇಲ್ಲಿ ನೋಡಿ, ಬಣ್ಣದಲ್ಲಿ ಕೆಂಪು ಹಸಿರು ಬೇರೆ ಬೇರೆ ಕಾಣುತ್ತಿದ್ದವು, ಈಗ ಎರಡೂ ಒಂದೇ ಬೂದು. ಅಂದರೆ ಎರಡೂ ಒಂದೇ ಅಷ್ಟು ಗಾಢ. ದೂರದಿಂದ ನೋಡಿದರೆ ಇಲ್ಲಿನ ವಿನ್ಯಾಸ ಕಲಸಿಹೋಗುತ್ತದೆ. ಇಂಥ ಕಡೆ ನಡುವೆ ಒಂದು ತಿಳಿ ಪಟ್ಟಿ ತೂರಿಸಿ. ಫೋನ್ ಇಲ್ಲದವರು ಕಣ್ಣು ಅರ್ಧ ಮುಚ್ಚಿ ನೋಡುತ್ತಾರೆ, ದೊಡ್ಡವ್ವ ಮಾಡುವುದು ಅದನ್ನೇ.

ಬಣ್ಣ ಬಿಡುವ ವಿಷಯ. ಕೆಂಪು, ಮರೂನ್, ಕಡುನೀಲಿ ಮೇಲೆ ನಂಬಿಕೆ ಇಡಬೇಡಿ. ಬಿಳಿ ಬಟ್ಟೆ ಒದ್ದೆ ಮಾಡಿ ಜೋರಾಗಿ ತಿಕ್ಕಿ, ಬಣ್ಣ ಅಂಟಿದರೆ ಆ ತುಂಡನ್ನು ಹಾಗೇ ಕೌದಿಗೆ ಹಾಕಬೇಡಿ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಅಲ್ವಾ? ನಿಲ್ಲುವುದಿಲ್ಲ. ಹತ್ತಿಗೆ ಬಣ್ಣ ಹಾಕುವಾಗ ಪಾತ್ರೆಯಲ್ಲಿ ಉಪ್ಪು ಹಾಕುವುದು ನಿಜ, ನೀರಿನಲ್ಲಿರುವ ಬಣ್ಣ ನೂಲಿಗೆ ಹೋಗಲಿ ಅಂತ. ಹಾಕಿ ಮುಗಿದ ಮೇಲೆ ಬಿಡುತ್ತಿರುವ ಬಣ್ಣವನ್ನು ಉಪ್ಪು ಹಿಡಿದಿಡುವುದಿಲ್ಲ. ನೀರು ತಿಳಿಯಾಗುವವರೆಗೆ ಬೇರೆಯಾಗಿ ತೊಳೆಯುವುದೇ ನಾನು ನಂಬುವ ದಾರಿ. ಹೊಸ ಬಟ್ಟೆಯಾದರೆ ಗಂಜಿಯೂ ಹೋಗುತ್ತದೆ, ಕುಗ್ಗುವುದು ಅಲ್ಲೇ ಕುಗ್ಗುತ್ತದೆ. ಇಷ್ಟಾದ ಮೇಲೂ ಬಣ್ಣ ಬಿಡುವ ಖಣ ಇದ್ದರೆ ಅದಕ್ಕೆ ಒಗೆಯದ ಕೆಲಸ ಕೊಡಿ, ತೋರಣ ಮಾಡಿ.

ಶುರು ಮಾಡೋಕೆ ಹೊಸ ಖಣ, ಹೊಸ ಸೀರೆ ಕೊಳ್ಳಬೇಡಿ. ಕುಬಸ ಹೊಲಿಯುವ ಟೇಲರ್ ಹತ್ತಿರ ಹೋಗಿ, ಕತ್ತರಿಸಿ ಉಳಿದ ಚಿಂದಿ ಎತ್ತಿಡಿ ಅಂತ ಹೇಳಿಬನ್ನಿ. ಮದುವೆ ದಿನಗಳಲ್ಲಿ ಚೀಲಗಟ್ಟಲೆ ಇರುತ್ತದೆ, ಅವರಿಗೂ ಜಾಗ ಖಾಲಿಯಾದರೆ ಸಾಕಾಗಿರುತ್ತದೆ. ಮನೆಗೆ ತಂದು ಎಲ್ಲವನ್ನೂ ಚಾಪೆ ಮೇಲೆ ಸುರಿಯಿರಿ, ಕಣ್ಣು ಮುಚ್ಚಿಕೊಂಡು ಬರೀ ಬೆರಳಲ್ಲಿ ಮೂರು ಗುಡ್ಡೆ ಮಾಡಿ. ಆಮೇಲೆ ಕಣ್ಣು ಬಿಟ್ಟು ಬಣ್ಣ ಆರಿಸಿ. ಅಂಚು ಮಡಿಸುವುದು, ಮೂಲೆ ಕೂಡಿಸುವುದು ಮುಂದಿನ ವಿಡಿಯೋದಲ್ಲಿ. ದೊಡ್ಡವ್ವ ಈಗಾಗಲೇ ಸೂಜಿಗೆ ದಾರ ಪೋಣಿಸಿಕೊಡು ಅಂತ ಕೂಗುತ್ತಿದ್ದಾರೆ.